ಹೆಡ್‌ಫೋನ್‌ನಿಂದ ಮೈಕಿಗೆ ಸೋರುವ ಸದ್ದು

ಸ್ಟುಡಿಯೊದಲ್ಲಿ ತೆಗೆದ ವಿಡಿಯೊಗಳಲ್ಲಿ ಗಾಯಕರನ್ನು ಗಮನಿಸಿದ್ದೀರಾ? ಎಷ್ಟೋ ಜನ ಹೆಡ್‌ಫೋನಿನ ಒಂದು ಕಪ್ಪನ್ನು ಕಿವಿಯಿಂದ ಹಿಂದಕ್ಕೆ ಸರಿಸಿಕೊಂಡು ಹಾಡುತ್ತಿರುತ್ತಾರೆ. ನೋಡುವವರಿಗೆ ಅದು ಸ್ಟೈಲ್ ಅನ್ನಿಸಬಹುದು. ಆದರೆ ಅದಕ್ಕೆ ಗಟ್ಟಿ ಕಾರಣವಿದೆ. ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವವರ ಒಂದು ದೊಡ್ಡ ತಲೆನೋವು ಶುರುವಾಗುವುದೂ ಅಲ್ಲಿಂದಲೇ.

ನನ್ನ ತಂಗಿ ಹಾಡಿದ ಭಾವಗೀತೆಯೊಂದನ್ನು ಮನೆಯ ಕೋಣೆಯಲ್ಲೇ ರೆಕಾರ್ಡ್ ಮಾಡಿದ್ದೆ. ಅವತ್ತು ಅವಳ ದನಿ ತುಂಬಾ ಚೆನ್ನಾಗಿ ಕೂಡಿಬಂದಿತ್ತು. ರಾತ್ರಿ ಮಿಕ್ಸ್ ಮಾಡಲು ಕೂತಾಗ ಎದೆ ಧಸಕ್ ಎಂದಿತು. ಚರಣದ ಎರಡು ಸಾಲುಗಳ ನಡುವಿನ ಬಿಡುವಿನಲ್ಲಿ ಸಣ್ಣಗೆ 'ಟಿಕ್, ಟಿಕ್'. ಲಯ ತಪ್ಪಬಾರದೆಂದು ಅವಳ ಕಿವಿಗೆ ಕೊಟ್ಟಿದ್ದ ಕ್ಲಿಕ್ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬಿದ್ದಿತ್ತು.

ಹಾಡುವಾಗ ಇದು ಗೊತ್ತೇ ಆಗುವುದಿಲ್ಲ. ದೊಡ್ಡ ಸದ್ದಿದ್ದಾಗ ಅದರಡಿಯ ಸಣ್ಣ ಸದ್ದನ್ನು ನಮ್ಮ ಕಿವಿ ಹಿಡಿಯುವುದಿಲ್ಲ. ಹಾಡು ನಿಂತ ಕ್ಷಣ ಅದು ತಲೆ ಎತ್ತುತ್ತದೆ. ಮಿಕ್ಸ್ ಮಾಡುವಾಗ ಬಳಸುವ ಕಂಪ್ರೆಸರ್ ಪರಿಸ್ಥಿತಿಯನ್ನು ಇನ್ನೂ ಹದಗೆಡಿಸುತ್ತದೆ. ಅದು ಜೋರಾದ ಭಾಗವನ್ನು ತಗ್ಗಿಸುತ್ತದೆ. ಆಮೇಲೆ ಒಟ್ಟು ದನಿಯನ್ನು 10 ಡೆಸಿಬೆಲ್ ಏರಿಸಿದೆವು ಅಂದುಕೊಳ್ಳಿ. ಬಿಡುವಿನಲ್ಲಿರುವ ಟಿಕ್ ಕೂಡ ಅಷ್ಟೇ ಏರುತ್ತದೆ.

ಈಗ ಕಪ್ ಸರಿಸುವ ವಿಷಯ. ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡು 'ಮ್ ಮ್' ಎಂದು ಗುನುಗಿ ನೋಡಿ. ದನಿ ತಲೆಯೊಳಗೇ ಗುಂಯ್ ಅನ್ನುತ್ತದೆ, ಅಲ್ವಾ? ನಮ್ಮ ದನಿ ನಮಗೆ ಎರಡು ದಾರಿಯಲ್ಲಿ ಕೇಳಿಸುತ್ತದೆ. ಒಂದು, ಬಾಯಿಂದ ಹೊರಟು ಗಾಳಿಯಲ್ಲಿ ಬರುವುದು. ಇನ್ನೊಂದು, ದವಡೆ ಮತ್ತು ತಲೆಬುರುಡೆಯ ಮೂಳೆಗಳ ಮೂಲಕ ಬರುವುದು. ಕಿವಿ ಮುಚ್ಚಿದರೆ ಗಾಳಿಯ ದಾರಿ ಬಂದ್. ಮೂಳೆಯಿಂದ ಬಂದ ದಪ್ಪ ಸದ್ದು ಹೊರಗೆ ಹೋಗಲಾಗದೆ ಕಿವಿಯೊಳಗೇ ತುಂಬಿಕೊಳ್ಳುತ್ತದೆ. ಹೆಡ್‌ಫೋನ್ ಹಾಕಿದಾಗಲೂ ಇದೇ ಕತೆ, ಸ್ವಲ್ಪ ಕಡಿಮೆ ಅಷ್ಟೇ. ಸ್ವರ ಶ್ರುತಿಗೆ ಕೂತಿದೆಯೇ ಎಂದು ತಿಳಿಯುವುದು ಕಷ್ಟ. ಅದಕ್ಕೇ ಗಾಯಕರು ಒಂದು ಕಿವಿ ಬಿಟ್ಟುಕೊಳ್ಳುತ್ತಾರೆ. ಆಗ ಆ ಕಪ್ ಮೈಕಿನಿಂದ ಒಂದೂವರೆ ಗೇಣು ದೂರದಲ್ಲಿರುವ ಪುಟ್ಟ ಸ್ಪೀಕರ್ ಆಗಿಬಿಡುತ್ತದೆ.

ಒಂದು ಕಿವಿ ಬಿಟ್ಟು ಹಾಡಬೇಡಿ ಎಂದು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಚೆನ್ನಾಗಿ ಹಾಡುವುದು ಮೊದಲು. ಅದರ ಬದಲು ಆ ಬದಿಯ ಸದ್ದನ್ನೇ ಬಂದ್ ಮಾಡಿ. ಎಲ್ಲವನ್ನೂ ಮುಚ್ಚಿದ ಕಿವಿಗೆ ಮಾತ್ರ ಕಳುಹಿಸಿ. ಇಲ್ಲವೇ ಅವರ ದನಿಯನ್ನೇ ತಡವಿಲ್ಲದೆ ಹೆಡ್‌ಫೋನಿಗೆ ಕೊಡಿ. ಕಂಪ್ಯೂಟರಿನೊಳಗೆ ಸುತ್ತಿ ಬರುವ ದನಿ ಕೆಲವು ಮಿಲಿಸೆಕೆಂಡು ತಡವಾಗುತ್ತದೆ. ಮೂಳೆಯಿಂದ ಬಂದ ದನಿಗೆ ಅದು ಸರಿಯಾಗಿ ಕೂಡುವುದಿಲ್ಲ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಗೆ ಆಡಿಯೊ ಇಂಟರ್‌ಫೇಸ್ ಅನ್ನುತ್ತಾರೆ. ಹೆಚ್ಚಿನವುಗಳಲ್ಲಿ ಇರುವ ಡೈರೆಕ್ಟ್ ಮಾನಿಟರಿಂಗ್, ಅಂದರೆ ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರ ಹೆಡ್‌ಫೋನಿಗೆ ಕೊಡುವ ಸೌಲಭ್ಯ, ಇದಕ್ಕೆಂದೇ ಇದೆ.

ಬಸ್ಸಿನಲ್ಲಿ ಪಕ್ಕದ ಸೀಟಿನವರ ಹಾಡು ನಮಗೆ ಬರೀ 'ಚಿಸ್ ಚಿಸ್' ಎಂದು ಕೇಳಿಸುತ್ತದೆ. ಬೇಸ್ ಎಲ್ಲಿ ಹೋಯಿತು? ಹೆಡ್‌ಫೋನಿನೊಳಗಿನ ತೆಳು ಪೊರೆ ಮುಂದಕ್ಕೆ ಗಾಳಿಯನ್ನು ಒತ್ತಿದಾಗ ಹಿಂದೆ ಗಾಳಿಯ ಒತ್ತಡ ತಗ್ಗುತ್ತದೆ. ಕಪ್ ಕಿವಿಗೆ ಅಂಟಿರದಿದ್ದರೆ ಇವೆರಡೂ ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. 100 ಹರ್ಟ್ಸ್ ಸದ್ದಿನ ಅಲೆ ಸುಮಾರು 3.4 ಮೀಟರ್ ಉದ್ದ. ಅದರ ಮುಂದೆ ಆ ಪುಟ್ಟ ಪೊರೆ ಯಾವ ಲೆಕ್ಕ? ಅಳಿಸದೆ ಉಳಿಯುವುದು ಚೂಪು ಸದ್ದು ಮಾತ್ರ. ಕ್ಲಿಕ್ ಅಂಥದ್ದೇ. ಆದ್ದರಿಂದ ಕಿವಿಗೆ ಕೊಡುವ ಟ್ರ್ಯಾಕಿನಲ್ಲಿ ಟ್ರೆಬಲ್ ಇಳಿಸಿದರೆ ಸೋರಿಕೆ ಅರ್ಧ ಹತೋಟಿಗೆ ಬರುತ್ತದೆ.

ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬ ಹೆಡ್‌ಫೋನ್ ತಂದಿತು. ಹಿಂಬದಿ ತೆರೆದ ವಿನ್ಯಾಸ ಜನರ ಮೆಚ್ಚುಗೆ ಗಳಿಸಿದ್ದು ಅದರಿಂದಲೇ. ಕೇಳಲು ಅವು ಹಾಯಾಗಿರುತ್ತವೆ. ಆದರೆ ಮೈಕಿನ ಮುಂದೆ ಬೇಡ. ಅಲ್ಲಿ ಹಿಂಬದಿ ಮುಚ್ಚಿದ ಕಪ್ಪಿನವೇ ಆಗಬೇಕು. ಅದೇ ಕಂಪನಿಯ ಎಚ್‌ಡಿ 280 ಪ್ರೊ ಹೊರಗಿನ ಸದ್ದನ್ನು 32 ಡೆಸಿಬೆಲ್‌ವರೆಗೂ ತಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಹೊರಗಿನ ಸದ್ದನ್ನು ತಡೆಯುವ ಗೋಡೆಯೇ ಒಳಗಿನದನ್ನೂ ಹಿಡಿದಿಡುತ್ತದೆ. ಆ ಗೋಡೆಯಲ್ಲಿ ಸಂದಿ ಇರಬಾರದು. ಕನ್ನಡಕದ ಕಡ್ಡಿ, ಜುಮಕಿ, ಕಿವಿಯ ಮೇಲೆ ಬಿದ್ದ ಕೂದಲು, ಇವೆಲ್ಲ ಸಂದಿ ಮಾಡುತ್ತವೆ. ಹಾಡುವ ಮೊದಲು ಜುಮಕಿ ತೆಗೆದಿಡಲು ಹೇಳಿ. ಅದರ ಕಿಣಿಕಿಣಿಯೂ ತಪ್ಪುತ್ತದೆ.

ಮೈಕನ್ನು ಬಾಯಿಗೆ ಹತ್ತಿರ ತಂದರೆ ಸಾಕು ಎಂದು ಹಲವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದೆ. ಬಾಯಿಂದ 30 ಸೆಂ.ಮೀ. ದೂರವಿದ್ದ ಮೈಕನ್ನು 15 ಸೆಂ.ಮೀ.ಗೆ ತಂದರೆ ದನಿ 6 ಡೆಸಿಬೆಲ್ ಏರುತ್ತದೆ. ಆದರೆ ಕಿವಿಯೂ ಮೈಕಿಗೆ ಹತ್ತಿರ ಬಂತಲ್ಲ! ಸೋರಿಕೆಯೂ ಸುಮಾರು 3.5 ಡೆಸಿಬೆಲ್ ಏರುತ್ತದೆ. ನಿಜವಾದ ಲಾಭ ಎರಡೂವರೆ ಡೆಸಿಬೆಲ್ ಅಷ್ಟೇ. ಅದೇ ಹೆಡ್‌ಫೋನಿನ ವಾಲ್ಯೂಮನ್ನು 6 ಡೆಸಿಬೆಲ್ ಇಳಿಸಿದರೆ ಸೋರಿಕೆ ನೇರವಾಗಿ 6 ಡೆಸಿಬೆಲ್ ಇಳಿಯುತ್ತದೆ. 'ಇನ್ನೂ ಜಾಸ್ತಿ ಮಾಡು' ಎಂದು ಗಾಯಕರು ಕೇಳಿದರೆ ಅವರಿಗೆ ಏನೋ ಒಂದು ಕೇಳಿಸುತ್ತಿಲ್ಲ ಎಂದರ್ಥ. ಅದು ಯಾವುದು ಎಂದು ವಿಚಾರಿಸಿ. ಶ್ರುತಿ ಬೇಕಿದ್ದರೆ ಶ್ರುತಿಯನ್ನಷ್ಟೇ ಏರಿಸಿ, ಕೀಬೋರ್ಡ್, ಕೊಳಲು ಎಲ್ಲ ಇಳಿಸಿ. ಕಿವಿಗೂ ಅದೇ ಒಳ್ಳೆಯದು.

ಮೈಕಿನ ದಿಕ್ಕು ಗಾಯನದಲ್ಲಿ ಹೆಚ್ಚು ಸಹಾಯ ಮಾಡುವುದಿಲ್ಲ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನ ಸದ್ದು ಕೇಳಿಸುವುದು ತೀರಾ ಕಡಿಮೆ. ಆದರೆ ಬಾಯಿ, ಕಿವಿ ಎರಡೂ ಅದರ ಎದುರಿಗೇ ಇರುತ್ತವೆ.

ವಾದ್ಯದಲ್ಲಿ ಹಾಗಲ್ಲ. ವೀಣೆಯನ್ನೇ ತೆಗೆದುಕೊಳ್ಳಿ. ಅದು ಮೆಲುದನಿಯ ವಾದ್ಯ. ಒಂದು ಮೀಟು ಹಾಕಿ, ತಂತಿ ಎಳೆದು ಎರಡು ಮೂರು ಸ್ವರ ನುಡಿಸುತ್ತಾರೆ. ಗಮಕ ಬಳುಕುವ ಹೊತ್ತಿಗೆ ನಾದ ತೆಳುವಾಗಿರುತ್ತದೆ. ಮೈಕಿನ ಗೇನ್ ಏರಿಸಲೇಬೇಕು, ಟಿಕ್ ಕೂಡ ಏರುತ್ತದೆ. ಹಾಡಿನಲ್ಲಿ ಬಿಡುವಿಗಷ್ಟೇ ಬೀಳುತ್ತಿದ್ದ ಕ್ಲಿಕ್ ಇಲ್ಲಿ ಗಮಕದ ಮೈಮೇಲೇ ಬೀಳುತ್ತದೆ. ನನಗೆ ಅದು ತುಂಬಾ ನೋವಾಗುವ ಸಂಗತಿ. ಆದರೆ ಇಲ್ಲಿ ಮೈಕಿನ ಬೆನ್ನು ಕೆಲಸಕ್ಕೆ ಬರುತ್ತದೆ. ವಾದಕರ ತಲೆ ಮೇಲಿದೆ, ವೀಣೆಯ ಕೊಡ ಕೆಳಗಿದೆ. ಮೈಕನ್ನು ಎರಡರ ನಡುವೆ ತಂದು, ಕೊಡದ ಕಡೆ ಬಾಗಿಸಿ, ಬೆನ್ನು ತಲೆಯ ಕಡೆ ಬರುವಂತೆ ಇಡಿ. ಗಿಟಾರಿಗೂ ಇದೇ ಮಾತು.

ಕ್ಲಿಕ್ ಬದಲು ತಬಲಾ ಅಥವಾ ಮೃದಂಗದ ನುಡಿ ಕೊಡಬಹುದು. ಹಾಡಿನಲ್ಲಿ ಕೊನೆಗೂ ಉಳಿಯುವ ತಾಳವೇ ಆದರೆ ಸೋರಿದ್ದು ಅದರಡಿ ಅಡಗುತ್ತದೆ. ತಂಬೂರಿಯ ಸೋರಿಕೆಯೂ ತೊಂದರೆ ಮಾಡುವುದಿಲ್ಲ. ಒಂದು ಎಚ್ಚರ ಬೇಕು. ಆಮೇಲೆ ಗಾಯಕರ ಸ್ವರವನ್ನು ಸಾಫ್ಟ್‌ವೇರಿನಲ್ಲಿ ತಿದ್ದಿದರೆ ಸೋರಿದ ಶ್ರುತಿಯೂ ಜೊತೆಗೇ ಸರಿಯುತ್ತದೆ. ಮೂಲ ತಂಬೂರಿಗೆ ಅದು ಅಪಸ್ವರವಾಗಿ ತಾಗುತ್ತದೆ.

ತಂಗಿಯ ಆ ಟೇಕ್ ಉಳಿಸಲು ಒಂದು ಉಪಾಯ ಮಾಡಿ ನೋಡಿದೆ. ಅವಳನ್ನು ಅದೇ ಜಾಗದಲ್ಲಿ ಸುಮ್ನೆ ನಿಲ್ಲಿಸಿ, ಅದೇ ಟ್ರ್ಯಾಕನ್ನು ಕಿವಿಗೆ ಕೊಟ್ಟು, ಸೋರಿಕೆಯನ್ನಷ್ಟೇ ರೆಕಾರ್ಡ್ ಮಾಡಿದೆ. ಅದರ ಪೊಲಾರಿಟಿ ತಿರುಗಿಸಿ, ಅಂದರೆ ಅಲೆಯ ಏರನ್ನು ಇಳಿತ ಮಾಡಿ, ಮೊದಲಿನದಕ್ಕೆ ಸೇರಿಸಿದರೆ ಎರಡರ ಸೋರಿಕೆಯೂ ಕಳೆದುಹೋಗಬೇಕು. ಕಳೆಯಲಿಲ್ಲ. 10,000 ಹರ್ಟ್ಸ್ ಸದ್ದಿನ ಅಲೆ 3.4 ಸೆಂ.ಮೀ. ಮಾತ್ರ. ತಲೆ 1.7 ಸೆಂ.ಮೀ. ಅಲುಗಿದರೂ ಕಳೆಯಬೇಕಾದದ್ದು ಕೂಡಿಬಿಡುತ್ತದೆ. ಭಾವಗೀತೆ ಹಾಡುವಾಗ ತಲೆ ಅಲುಗದೆ ಇರುತ್ತದೆಯೇ?

ಒಂದು ವಾರ ಬಿಟ್ಟು ಮತ್ತೆ ಹಾಡಿಸಿದೆ. ಬಲ ಕಪ್ಪಿನ ಸದ್ದು ಬಂದ್, ಕ್ಲಿಕ್ ಜಾಗದಲ್ಲಿ ತಬಲಾ, ವಾಲ್ಯೂಮ್ ಕೆಳಗೆ. ಶುರು ಮಾಡುವ ಮೊದಲು ಅರ್ಧ ನಿಮಿಷ ಅವಳು ಹಾಡದೆ ನಿಂತಳು. ಅಷ್ಟನ್ನು ರೆಕಾರ್ಡ್ ಮಾಡಿ, ಜೋರಾಗಿ ಹಾಕಿ ಕೇಳಿದೆವು. ಹೊರಗಿನ ಕಾಗೆಯ ಕೂಗು ಕೇಳಿಸಿತು, ತಬಲಾ ಕೇಳಿಸಲಿಲ್ಲ. ಕಿಟಕಿ ಮುಚ್ಚಿ ಬಂದು 'ಹಾಡು' ಎಂದೆ.