ಅರ್ಜಿ ಹೆಂಡತಿಯದು, ವಿಚಾರಣೆ ಗಂಡನದು

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಂದ ಈಚೆಗೆ ನನಗೊಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಸೊಸೆಯೋ ಅಳಿಯನೋ ಅಲ್ಲಿಯವರೇ ಆಗಿರುತ್ತಾರೆ. ಮಕ್ಕಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿರುತ್ತಾರೆ. ಅಪ್ಪನ ಕಡೆಯ ಕೊಂಬೆ ಹಾಸನದ ಆಚೆಯ ಹಳ್ಳಿಗೆ ಹೋಗಿ ನಿಲ್ಲುತ್ತದೆ. ಅಮ್ಮನ ಕಡೆಯದು 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಕಾನ್ಫೆಡರೇಟ್ ಸೈನ್ಯದಲ್ಲಿ, ಅಂದರೆ ದೇಶದಿಂದ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳ ಸೈನ್ಯದಲ್ಲಿದ್ದ ಒಬ್ಬನ ಹತ್ತಿರ ಹೋಗುತ್ತದೆ. "ಅವನ ಹೆಂಡತಿಗೆ ಪಿಂಚಣಿ ಬರ್ತಿತ್ತಂತೆ ಸರ್. ವಾಷಿಂಗ್ಟನ್ ದಾಖಲೆಯಲ್ಲಿ ಎಷ್ಟು ಹುಡುಕಿದರೂ ಸಿಗ್ತಿಲ್ಲ" ಅನ್ನುತ್ತಾರೆ.

ಸಿಗುವುದಿಲ್ಲ. ಅದು ಅಲ್ಲಿರಲು ಕಾರಣವೇ ಇಲ್ಲ. ಹಳೆಯ ದಾಖಲೆ ಹುಡುಕಿಕೊಡುವುದೇ ನನ್ನ ಕೆಲಸ. ಈ ಒಂದು ವಿಷಯದಲ್ಲಿ ಎಡವುವವರೇ ಜಾಸ್ತಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೆದ್ದ ಯೂನಿಯನ್, ಅಂದರೆ ಉತ್ತರದ ಪಕ್ಷದ ಸೈನಿಕರಿಗೆ ಕೇಂದ್ರ ಸರ್ಕಾರವೇ ಪಿಂಚಣಿ ಕೊಟ್ಟಿತು. 1862ರ ಕಾನೂನಿನಂತೆ ಸಾಮಾನ್ಯ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್. 1886ರಲ್ಲಿ ಅದು 12 ಆಯಿತು. ಸೋತವರು ಸರ್ಕಾರದ ಲೆಕ್ಕದಲ್ಲಿ ಬಂಡುಕೋರರು, ಅವರಿಗೆ ಕಾಸೂ ಇಲ್ಲ. ಬಂಡಾಯಕ್ಕಾಗಿ ಮಾಡಿದ ಸಾಲವನ್ನು ಯಾರೂ ತೀರಿಸಕೂಡದು ಎಂದು 1868ರ 14ನೇ ತಿದ್ದುಪಡಿ ಸಂವಿಧಾನದಲ್ಲೇ ಬರೆದಿಟ್ಟಿತು. ಮಜಾ ಏನೆಂದರೆ, ಯೂನಿಯನ್ ಪಿಂಚಣಿಯ ದುಡ್ಡು ದಕ್ಷಿಣದವರು ಕಟ್ಟಿದ ತೆರಿಗೆಯಿಂದಲೂ ಹೋಗುತ್ತಿತ್ತು. ತಮ್ಮವರಿಗೆ ಏನಾದರೂ ಕೊಡಬೇಕೆಂದರೆ ಆಯಾ ರಾಜ್ಯ ತನ್ನ ಖಜಾನೆಯಿಂದಲೇ ತೆಗೆಯಬೇಕಿತ್ತು. ಯುದ್ಧ ಮುಗಿದಾಗ ಆ ಖಜಾನೆಗಳಲ್ಲಿ ಇದ್ದದ್ದು ಅಷ್ಟರಲ್ಲೇ.

ಅಲಬಾಮಾ ಮತ್ತು ಉತ್ತರ ಕರೊಲಿನಾ 1867ರಲ್ಲೇ ಕೈಕಾಲು ಕಳೆದುಕೊಂಡವರಿಗೆ ನೆರವು ಶುರು ಮಾಡಿದವು. ವಿಧವೆಯರ ಸರದಿ ಬರಲು ತುಂಬ ಕಾಲ ಹಿಡಿಯಿತು. ಉತ್ತರ ಕರೊಲಿನಾದಲ್ಲಿ 1885, ದಕ್ಷಿಣ ಕರೊಲಿನಾದಲ್ಲಿ 1887, ಮಿಸಿಸಿಪ್ಪಿ ಮತ್ತು ವರ್ಜೀನಿಯಾದಲ್ಲಿ 1888. ಟೆನೆಸ್ಸಿ ಸೈನಿಕರಿಗೆ 1891ರಲ್ಲಿ ಕೊಟ್ಟಿತು, ಹೆಂಡತಿಯರಿಗೆ 1905ರಲ್ಲಿ. 1862ರಲ್ಲಿ ಶೈಲೋ ಕಾಳಗದಲ್ಲಿ ಗಂಡನನ್ನು ಕಳೆದುಕೊಂಡ ಇಪ್ಪತ್ತರ ಹುಡುಗಿ, ಟೆನೆಸ್ಸಿಯಲ್ಲಿ ಅರ್ಜಿ ಹಾಕುವ ಹೊತ್ತಿಗೆ ಅರವತ್ತು ದಾಟಿದ ಅಜ್ಜಿ. ಯುದ್ಧದಲ್ಲಿ ಯೂನಿಯನ್ ಬಿಟ್ಟೇ ಹೋಗದ ಕೆಂಟಕಿಯೂ 1912ರಲ್ಲಿ ಪಿಂಚಣಿ ಕೊಟ್ಟಿತು. 1907ರವರೆಗೆ ರಾಜ್ಯವೇ ಆಗಿರದ ಒಕ್ಲಹೋಮಾ 1915ರಲ್ಲಿ ಕೊಟ್ಟಿತು. ಮಿಸೌರಿ ಮಾತ್ರ ಸೈನಿಕರಿಗೆ ಕೊಟ್ಟು ವಿಧವೆಯರನ್ನು ಕೈಬಿಟ್ಟಿತು.

ಒಕ್ಲಹೋಮಾ ಯಾಕೆ ಕೊಟ್ಟಿತು ಅನ್ನುವುದರಲ್ಲೇ ಹುಡುಕುವ ದಾರಿಯೂ ಇದೆ. ಅರ್ಜಿ ಹಾಕುವಾಗ ಆಕೆ ಎಲ್ಲಿ ವಾಸವಾಗಿದ್ದಳೋ ಆ ರಾಜ್ಯವೇ ಪಿಂಚಣಿ ಕೊಡಬೇಕು. ಗಂಡ ಯಾವ ರಾಜ್ಯದ ಪಡೆಯಲ್ಲಿದ್ದ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಯುದ್ಧದ ನಂತರ ಸಾವಿರಾರು ಸಂಸಾರಗಳು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದವು. ಅವನು ಜಾರ್ಜಿಯಾದ ಸಿಪಾಯಿ, ಅವಳ ಫೈಲು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಇಂಥವು ನನಗೆ ಎಷ್ಟೋ ಸಿಕ್ಕಿವೆ.

ಇನ್ನು ಅರ್ಜಿಯ ವಿಷಯ. ನಮೂನೆ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಆದರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಲ್ಲಿ ಹುಟ್ಟಿದಿರಿ, ಮದುವೆ ಯಾವಾಗ, ಮಾಡಿಸಿದ ಪಾದ್ರಿ ಯಾರು, ಮರುಮದುವೆ ಆಗಿದ್ದೀರಾ, ಆಸ್ತಿ ಎಷ್ಟು, ಇಷ್ಟು ವರ್ಷ ಜೀವನ ಹೇಗೆ ಸಾಗಿತು? ನಮ್ಮಲ್ಲಿ ವಿಧವಾ ವೇತನಕ್ಕೆ ಆದಾಯ ಪ್ರಮಾಣಪತ್ರ ಹಿಡಿದು ಓಡಾಡುವ ಹಾಗೆಯೇ ಅಲ್ಲಿಯೂ ಬಡತನವನ್ನು ಕಾಗದದಲ್ಲಿ ತೋರಿಸಬೇಕಿತ್ತು. ಇಲ್ಲಿಯವರೆಗೆ ಆಕೆಗೆ ಉತ್ತರ ಗೊತ್ತಿರುತ್ತದೆ. ಮುಂದಿನದು ಗಂಡನದು. ಯಾವ ಕಂಪನಿ, ಯಾವ ರೆಜಿಮೆಂಟ್, ಕ್ಯಾಪ್ಟನ್ ಯಾರು, ಗಾಯ ಎಲ್ಲಿ ಆಯಿತು, ಸೈನ್ಯ ಶರಣಾದ ದಿನ ಅವನು ಎಲ್ಲಿದ್ದ, ಅಲ್ಲಿ ಇಲ್ಲದಿದ್ದರೆ ಯಾಕೆ ಇರಲಿಲ್ಲ?

ಕೊನೆಯ ಪ್ರಶ್ನೆಯಲ್ಲೇ ಬಹಳ ಅರ್ಜಿಗಳು ಬಿದ್ದುಹೋದವು. ಸೈನ್ಯ ಬಿಟ್ಟು ಓಡಿದವನ ಹೆಂಡತಿಗೆ ಪಿಂಚಣಿ ಇಲ್ಲ. ಸೆರೆಯಲ್ಲಿದ್ದಾಗ, ಯುದ್ಧ ಮುಗಿಯುವ ಮೊದಲೇ ಯೂನಿಯನ್‌ಗೆ ನಿಷ್ಠೆಯ ಪ್ರಮಾಣ ಮಾಡಿ ಹೊರಬಂದವನದೂ ಸಾಮಾನ್ಯವಾಗಿ ಅದೇ ಕತೆ. ಶಿಕಾಗೋದ ಕ್ಯಾಂಪ್ ಡಗ್ಲಸ್‌ನಂಥ ಸೆರೆಶಿಬಿರದಲ್ಲಿ ಚಳಿ, ಸಿಡುಬು, ಹಸಿವು ಕಂಡವನು ಒಂದು ಸಹಿ ಹಾಕಿ ಜೀವ ಉಳಿಸಿಕೊಂಡಿದ್ದರೆ ಅದರ ದಂಡ ನಲವತ್ತು ವರ್ಷದ ನಂತರ ಹೆಂಡತಿಯ ತಲೆಗೆ. ಅವನು ಈ ವಿಷಯ ಮನೆಯಲ್ಲಿ ಹೇಳಿರುತ್ತಾನಾ? ಫೈಲುಗಳನ್ನು ಓದಿದ ಅಂದಾಜಿನಲ್ಲಿ ಹೇಳುವುದಾದರೆ, ಹೇಳಿದವರು ಕಡಿಮೆ.

ಅರ್ಜಿ ತೀರ್ಮಾನಿಸುವ ರಾಜ್ಯದ ಪಿಂಚಣಿ ಮಂಡಳಿಗೆ ಇದು ಗೊತ್ತಾಗುತ್ತಿದ್ದದ್ದು ವಾಷಿಂಗ್ಟನ್‌ನಿಂದ. 1865ರ ಏಪ್ರಿಲ್‌ನಲ್ಲಿ ಕಾನ್ಫೆಡರೇಟ್ ರಾಜಧಾನಿ ರಿಚ್ಮಂಡ್ ಬಿದ್ದಾಗ ಎಷ್ಟೋ ಕಾಗದ ಸುಟ್ಟುಹೋಯಿತು. ಆದರೂ ಕಾನ್ಫೆಡರೇಟ್ ಸೈನ್ಯದ ಅಡ್ಜುಟೆಂಟ್ ಜನರಲ್, ಅಂದರೆ ಆಡಳಿತದ ಮುಖ್ಯಸ್ಥ, ಸ್ಯಾಮ್ಯುಯೆಲ್ ಕೂಪರ್ ಉಳಿದ ದಾಖಲೆಗಳನ್ನು ನಾಶ ಮಾಡದೆ ಗೆದ್ದವರಿಗೇ ಒಪ್ಪಿಸಿದ. 1903ರಿಂದ ಅಮೆರಿಕದ ಯುದ್ಧ ಇಲಾಖೆ ಹಾಜರಿ ಪಟ್ಟಿ, ಆಸ್ಪತ್ರೆ ಪುಸ್ತಕ, ಸೆರೆಮನೆ ಪಟ್ಟಿಗಳಿಂದ ಒಬ್ಬೊಬ್ಬ ಸಿಪಾಯಿಯ ಹೆಸರಿಗೂ ಕಾರ್ಡು ಬರೆಸಿತು. ಮಂಡಳಿ ಪತ್ರ ಬರೆದು ಕೇಳುತ್ತಿತ್ತು, ಇಲಾಖೆ ಕಾರ್ಡು ನೋಡಿ ಉತ್ತರಿಸುತ್ತಿತ್ತು. ಅಂದರೆ ಕಾನ್ಫೆಡರೇಟ್ ಸಿಪಾಯಿ ನಿಯತ್ತಿನವನೋ ಅಲ್ಲವೋ ಎಂದು ಹೇಳಬೇಕಾದವನು ಅವನ ಶತ್ರುವಿನ ಗುಮಾಸ್ತ.

ಟೆನೆಸ್ಸಿಯ ಒಂದು ಫೈಲು ಹೇಳುತ್ತೇನೆ, ಹೆಸರು ಬೇಡ. ಅರ್ಜಿಯ ಕೊನೆಯಲ್ಲಿ ಸಹಿಯ ಜಾಗದಲ್ಲಿ ಕತ್ತರಿ ಗುರುತು. ಅದರ ಎರಡೂ ಬದಿಗೆ ಆಕೆಯ ಹೆಸರನ್ನು ನೋಟರಿ ಬರೆದಿದ್ದಾನೆ. ಆಸ್ತಿಯ ಕಾಲಮ್ಮಿನಲ್ಲಿ ಒಂದು ಹಸು, ಒಂದು ಹಾಸಿಗೆ, ಅಡುಗೆ ಪಾತ್ರೆಗಳು. ವಾಸ ಮಗಳ ಮನೆಯಲ್ಲಿ. ವಾಷಿಂಗ್ಟನ್ನಿನ ಉತ್ತರ ಎರಡೇ ಸಾಲು. ಇಂಥ ತಿಂಗಳವರೆಗೆ ಹಾಜರು, ನಂತರ ರಜೆಯಿಲ್ಲದೆ ಗೈರು. ಅರ್ಜಿ ತಿರಸ್ಕಾರ. ಆಕೆ ಸುಮ್ಮನೆ ಕೂರಲಿಲ್ಲ. ಗಾಯವಾಗಿ ರಜೆ ಪಡೆದೇ ಮನೆಗೆ ಬಂದಿದ್ದರು, ತಿರುಗಿ ಹೋಗುವಷ್ಟರಲ್ಲಿ ನಡುವೆ ಯೂನಿಯನ್ ಸೈನ್ಯ ಬಂದು ದಾರಿ ಮುಚ್ಚಿಹೋಯಿತು ಎಂದು ಯಾರ ಕೈಲೋ ಬರೆಸಿ ಕಳಿಸಿದಳು. ಜೊತೆಗೆ ಗಂಡನ ಜೊತೆಯವರಿಬ್ಬರ ಅಫಿಡವಿಟ್ಟು.

ಆ ಎರಡು ಅಫಿಡವಿಟ್ಟು ಪಕ್ಕಪಕ್ಕ ಇಟ್ಟರೆ ವಾಕ್ಯಕ್ಕೆ ವಾಕ್ಯ ಒಂದೇ. ಕೈಬರಹವೂ ಒಂದೇ. ಮೊದಲ ಸಲ ಇಂಥದ್ದು ನೋಡಿದವರು "ಸುಳ್ಳು ಸಾಕ್ಷಿ" ಎಂದು ಎದ್ದುಬಿಡುತ್ತಾರೆ. ನಾನು ಹಾಗೆ ಅನ್ನುವುದಿಲ್ಲ. ಅಕ್ಷರ ಬಾರದ ಇಬ್ಬರು ಮುದುಕರು ಒಬ್ಬನೇ ನೋಟರಿಯ ಮುಂದೆ ಕೂತಿದ್ದಾರೆ. ಅವನಿಗೆ ಮಂಡಳಿ ಒಪ್ಪುವ ಮಾತು ಯಾವುದು ಅಂತ ಗೊತ್ತು, ಅದನ್ನೇ ಬರೆದಿದ್ದಾನೆ. ಹಾಗಂತ ಅದನ್ನು ಇತಿಹಾಸ ಎಂದೂ ನಂಬಬಾರದು. ಅದು ಗೆಲ್ಲಲಿಕ್ಕಾಗಿ ಬರೆದ ಕಾಗದ. ನಂಬುವುದಾದರೆ ಹಸುವನ್ನು ನಂಬಿ. ಆಸ್ತಿಯ ಲೆಕ್ಕವನ್ನು ಅದೇ ಕೌಂಟಿಯ, ಅಂದರೆ ಜಿಲ್ಲೆಯ, ತೆರಿಗೆ ಪುಸ್ತಕದೊಂದಿಗೆ ತಾಳೆ ನೋಡಬಹುದು, 1864ರ ರಜೆಯನ್ನು ನೋಡಲಾಗದು. ಆಕೆಗೆ ಕೊನೆಗೆ ಪಿಂಚಣಿ ಮಂಜೂರಾಯಿತು. ಮೊದಲ ಸಲವೇ ಮಂಜೂರಾಗಿದ್ದರೆ ನಮಗೆ ಇಷ್ಟು ಕಾಗದ ಸಿಗುತ್ತಿರಲಿಲ್ಲ. ತಿರಸ್ಕಾರವಾದ ಅರ್ಜಿ ಅಂದರೆ ನನಗೆ ಅದಕ್ಕೇ ಆಸೆ.

ಮದುವೆಯ ದಿನಾಂಕವೂ ಒಂದು ಅಡ್ಡಿ. ಮುದಿ ಸಿಪಾಯಿಯನ್ನು ಪಿಂಚಣಿ ಆಸೆಗೆ ಕಟ್ಟಿಕೊಳ್ಳುತ್ತಾರೆ ಎಂದು ರಾಜ್ಯಗಳಿಗೆ ಗುಮಾನಿ. ಇಂಥ ವರ್ಷದ ಮೊದಲು ಮದುವೆಯಾಗಿರಬೇಕು ಎಂದು ಗೆರೆ ಎಳೆಯುತ್ತಿದ್ದವು, ವಯಸ್ಸಾದವರು ತೀರಿಕೊಂಡ ಹಾಗೆ ಗೆರೆಯನ್ನು ಮುಂದಕ್ಕೆ ತಳ್ಳುತ್ತಿದ್ದವು. ಗುಮಾನಿ ಪೂರ್ತಿ ಸುಳ್ಳೂ ಅಲ್ಲ. ಅಲಬಾಮಾದ ಅಲ್ಬರ್ಟಾ ಮಾರ್ಟಿನ್ 1927ರಲ್ಲಿ ಮದುವೆಯಾದಾಗ ಆಕೆಗೆ 21, ವರನಿಗೆ 81. ಆಗಲೇ ಕೈಯಲ್ಲೊಂದು ಮಗುವಿತ್ತು, ಅವನಿಗೆ ತಿಂಗಳಿಗೆ 50 ಡಾಲರ್ ಬರುತ್ತಿತ್ತು. ಅರ್ಕನ್ಸಾದ ಮೌಡಿ ಹಾಪ್ಕಿನ್ಸ್ 1934ರಲ್ಲಿ, 19ರ ವಯಸ್ಸಿಗೆ, 86ರ ವಿಲಿಯಂ ಕ್ಯಾಂಟ್ರೆಲ್‌ನನ್ನು ಮದುವೆಯಾದಳು. ಮಹಾ ಆರ್ಥಿಕ ಕುಸಿತದ ಕಾಲ, ಅವಳು ಅವನ ಮನೆಗೆಲಸಕ್ಕೆ ಹೋಗುತ್ತಿದ್ದವಳು. ಅವನು 1937ರಲ್ಲಿ ತೀರಿಕೊಂಡ. ಅವಳಿಗೆ ಮನೆ ಸಿಕ್ಕಿತು, ಪಿಂಚಣಿ ಸಿಗಲಿಲ್ಲ. ಇಂಥ ಎಳೆಯ ವಿಧವೆಯರಿಗೆ ಅರ್ಕನ್ಸಾ ಆ ಹೊತ್ತಿಗೆ ಬಾಗಿಲು ಹಾಕಿತ್ತು. ಜನ ಆಡಿಕೊಳ್ಳುತ್ತಾರೆಂದು ಅವಳು ಈ ಮದುವೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. 2004ರಲ್ಲಿ ಅಲ್ಬರ್ಟಾ ಸತ್ತಾಗ ಪತ್ರಿಕೆಗಳು ಕೊನೆಯ ಕಾನ್ಫೆಡರೇಟ್ ವಿಧವೆ ಹೋದಳು ಎಂದು ಬರೆದವು. ಆಮೇಲೆ ಮೌಡಿಯ ವಿಷಯ ಹೊರಗೆ ಬಂತು. ಆಕೆ ತೀರಿಕೊಂಡದ್ದು 2008ರಲ್ಲಿ.

ಇದರ ಪಕ್ಕಕ್ಕೆ ಮೋಸ್ ಟ್ರಿಪ್ಲೆಟ್‌ನನ್ನು ಇಟ್ಟು ನೋಡಿ. ಉತ್ತರ ಕರೊಲಿನಾದ ಕಾನ್ಫೆಡರೇಟ್ ಸಿಪಾಯಿ. 1863ರಲ್ಲಿ ಆಸ್ಪತ್ರೆಯಿಂದ ಕಾಲು ಕಿತ್ತು, ಮರುವರ್ಷ ಯೂನಿಯನ್ ಪಡೆ ಸೇರಿದ. ರಾಜ್ಯದ ಮಂಡಳಿಯ ಮುಂದೆ ಅವನ ಹೆಸರು ಬಂದಿದ್ದರೆ ಅರ್ಜಿ ಅಲ್ಲೇ ಬೀಳುತ್ತಿತ್ತು. ಆದರೆ ಗೆದ್ದ ಕಡೆ ಸೇರಿದ್ದಕ್ಕೆ ಅವನಿಗೆ ಕೇಂದ್ರದ ಪಿಂಚಣಿ. ಅವನ 83ನೇ ವಯಸ್ಸಿನಲ್ಲಿ ಹುಟ್ಟಿದ ಮಗಳು ಐರೀನ್ ಟ್ರಿಪ್ಲೆಟ್ 2020ರಲ್ಲಿ ಸಾಯುವವರೆಗೂ ತಿಂಗಳಿಗೆ 73 ಡಾಲರ್ 13 ಸೆಂಟ್ ಪಡೆಯುತ್ತಿದ್ದಳು. ಕಾನ್ಫೆಡರೇಟ್ ವಿಧವೆಯರಿಗೆ ಕೇಂದ್ರ ಮನಸ್ಸು ಮಾಡಿದ್ದು 1958ರಲ್ಲಿ. ಅಷ್ಟು ಹೊತ್ತಿಗೆ ಬಹುಪಾಲು ವಿಧವೆಯರು ತೀರಿಕೊಂಡಿದ್ದರು.

ಮನೆಯವರಿಗೆ ನಾನು ಇನ್ನೊಂದು ಮಾತು ತಪ್ಪದೆ ಹೇಳುತ್ತೇನೆ. ಆ ಅಜ್ಜಿಯ ಬಡತನ ನಿಜ. ಅವಳ ಗಂಡ ಇದ್ದ ಸೈನ್ಯ ಹೋರಾಡಿದ್ದು ಗುಲಾಮಗಿರಿ ಉಳಿಸಲು, ಅದೂ ನಿಜ. ಸೈನ್ಯದ ಜೊತೆ ಅಡುಗೆ, ಚಾಕರಿಗೆ ಎಳೆದೊಯ್ದಿದ್ದ ಕಪ್ಪು ಜನರಿಗೆ ಟೆನೆಸ್ಸಿ 1921ರಲ್ಲಿ ಪಿಂಚಣಿ ತೆರೆಯಿತು. ಗುಲಾಮರಾಗಿ ಹೊಲದಲ್ಲಿ ದುಡಿದು ಸವೆದವರಿಗೆ ಏನೂ ಇಲ್ಲ. ಅದನ್ನು ಕೇಳಲು ಸಂಘ ಕಟ್ಟಿದವಳು ನ್ಯಾಶ್‌ವಿಲ್‌ನ ಕ್ಯಾಲಿ ಹೌಸ್. ಗುಲಾಮಳಾಗಿಯೇ ಹುಟ್ಟಿದವಳು, ಬಟ್ಟೆ ಒಗೆದು, ಹೊಲಿದು ಬದುಕುತ್ತಿದ್ದವಳು. ಟೆನೆಸ್ಸಿಯ ರಾಜಧಾನಿಯೂ ಅದೇ ನ್ಯಾಶ್‌ವಿಲ್. ವಿಧವೆಯರ ಅರ್ಜಿಗಳು ಅಲ್ಲಿಗೆ ಬರುತ್ತಿದ್ದ ವರ್ಷಗಳಲ್ಲೇ, 1917ರಲ್ಲಿ, ಕೇಂದ್ರ ಸರ್ಕಾರ ಅಂಚೆ ಮೂಲಕ ಮೋಸ ಮಾಡಿದಳೆಂದು ಕೇಸು ಹಾಕಿ ಅವಳನ್ನು ಜೈಲಿಗೆ ಕಳಿಸಿತು.

ಹುಡುಕಲು ಹೊರಡುವವರು ಮೊದಲು 1900 ಮತ್ತು 1910ರ ಜನಗಣತಿಯಲ್ಲಿ ಆ ಅಜ್ಜಿ ಯಾವ ಕೌಂಟಿಯಲ್ಲಿದ್ದಳು ನೋಡಿಕೊಳ್ಳಿ. 1910ರದ್ದರಲ್ಲಿ ಅಂತರ್ಯುದ್ಧದ ಸೈನಿಕರಿಗೆಂದೇ ಒಂದು ಕಾಲಮ್ ಇದೆ. ಗಂಡ ಆಗಿನ್ನೂ ಬದುಕಿದ್ದರೆ ಯಾವ ಸೈನ್ಯದವನೆಂದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಆ ರಾಜ್ಯದ ದಾಖಲೆ ಸಂಗ್ರಹಾಲಯದ ಪಿಂಚಣಿ ಸೂಚಿ ತೆಗೆಯಿರಿ. ಹೆಂಡತಿಯ ಹೆಸರಿನಲ್ಲಿ ಸಿಗದಿದ್ದರೆ ಗಂಡನ ಹೆಸರಿನಲ್ಲಿ ನೋಡಿ, ಎಷ್ಟೋ ಕಡೆ ಎರಡನ್ನೂ ಒಂದೇ ಲಕೋಟೆಯಲ್ಲಿ ಇಟ್ಟಿರುತ್ತಾರೆ. ಪ್ರತಿ ತರಿಸುವಾಗ ಅರ್ಜಿಯ ಮೊದಲ ಪುಟ ಸಾಕು ಅನ್ನಬೇಡಿ, ಪೂರ್ತಿ ಫೈಲು ಕೇಳಿ. ವಾಷಿಂಗ್ಟನ್ನಿನ ಪತ್ರ, ಅಫಿಡವಿಟ್ಟು ಎಲ್ಲ ಇರುವುದು ಹಿಂದಿನ ಹಾಳೆಗಳಲ್ಲಿ.