ಕಂಪ್ಯೂಟರಿನಲ್ಲಿ ಸ್ಪೈವೇರ್ ಇದೆಯಾ? ಗೊತ್ತು ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಮಲ್ಪೆಯ ಕೆಲವು ಬೋಟ್ ಮಾಲೀಕರ ಲೆಕ್ಕ ಬರೆಯುತ್ತೇನೆ. ಡೀಸೆಲ್ ಬಿಲ್ಲು, ಪಾಲಿನ ಲೆಕ್ಕ, ಜಿಎಸ್‌ಟಿ, ಬ್ಯಾಂಕ್ ವ್ಯವಹಾರ ಎಲ್ಲ ಒಂದೇ ಲ್ಯಾಪ್‌ಟಾಪ್‌ನಲ್ಲಿ. ಈಚೆಗೆ ಅದನ್ನು ರಿಪೇರಿಗೆ ಕೊಟ್ಟಿದ್ದೆ. ಬಂದ ಮೇಲೆ ತುಂಬಾ ಸ್ಲೋ, ಫ್ಯಾನ್ ಸದ್ದೂ ಜಾಸ್ತಿ. ಮೊನ್ನೆ ಗೂಗಲ್‌ನಿಂದ ‘ಹೊಸ ಸಾಧನದಲ್ಲಿ ಸೈನ್ ಇನ್ ಆಗಿದೆ’ ಅಂತ ಮೇಲ್ ಬಂತು, ನಾನು ಮಾಡಿದ್ದಲ್ಲ. ಆಂಟಿವೈರಸ್ ಸ್ಕ್ಯಾನ್ ಮಾಡಿದರೆ ಏನೂ ಇಲ್ಲ ಅನ್ನುತ್ತದೆ. ಸ್ಪೈವೇರ್ ಉಂಟಾ ಇಲ್ಲವಾ, ತಿಳಿಯುವುದು ಹೇಗೆ? ಎಂತ ಮಾಡುವುದು?
– ಓದುಗರೊಬ್ಬರು, ಉಡುಪಿ

ಉತ್ತರ: ಅಕ್ಕ, ನೀವು ಹೇಳಿದ್ದರಲ್ಲಿ ಲ್ಯಾಪ್‌ಟಾಪ್ ಸ್ಲೋ ಆಗಿರುವುದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಗೂಗಲ್‌ನಿಂದ ಬಂದ ಆ ಮೇಲ್‌ಗೆ ಕೆಡಿಸಿಕೊಳ್ಳುತ್ತೇನೆ.

ಕಂಪ್ಯೂಟರ್ ನಿಧಾನವಾದ ಕೂಡಲೇ ಸ್ಪೈವೇರ್ ಇರಬೇಕು ಅಂತ ಬಹಳ ಜನ ಹೆದರುತ್ತಾರೆ. ನಿಧಾನ ಆಗುವುದಕ್ಕೆ ನೂರು ಕಾರಣ. ಹಳೇ ಹಾರ್ಡ್ ಡಿಸ್ಕ್, ಕಡಿಮೆ ರ‍್ಯಾಮ್, ಹಿಂದೆ ನಡೆಯುತ್ತಿರುವ ವಿಂಡೋಸ್ ಅಪ್‌ಡೇಟ್, ಫ್ಯಾನ್ ತುಂಬ ಧೂಳು, ಜೊತೆಗೆ ನಮ್ಮ ಕರಾವಳಿಯ ಸೆಕೆ ಮತ್ತು ಉಪ್ಪು ಗಾಳಿ. ಬೇರೆಯವರ ಕಂಪ್ಯೂಟರಿನಲ್ಲಿ ಕದ್ದು ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುವ ತಂತ್ರಾಂಶಗಳೂ ಇವೆ, ಅವು ಫ್ಯಾನನ್ನು ಬೊಬ್ಬೆ ಹೊಡೆಸುತ್ತವೆ, ನಿಜ. ಆದರೆ ಬೇಹುಗಾರಿಕೆಗೆಂದೇ ಬರೆದ ತಂತ್ರಾಂಶಕ್ಕೆ ನಿಮ್ಮ ಕಣ್ಣಿಗೆ ಬೀಳದೆ ಇರುವುದೇ ಮುಖ್ಯ. ಅದು ಒಳಗಿದ್ದೂ ಲ್ಯಾಪ್‌ಟಾಪ್ ಹೊಸದರ ಹಾಗೆ ಓಡುತ್ತಿರಬಹುದು.

ಇನ್ನು ಆಂಟಿವೈರಸ್ ಏನೂ ಇಲ್ಲ ಅಂದದ್ದು. ಅದನ್ನು ಪೂರ್ತಿ ನಂಬುವ ಹಾಗಿಲ್ಲ, ಯಾಕೆ ಅಂತ ಒಂದು ಹಳೇ ಪ್ರಕರಣದಿಂದ ಹೇಳುತ್ತೇನೆ. 2008ರಲ್ಲಿ ಧರ್ಮಶಾಲೆಯ ದಲೈ ಲಾಮಾ ಕಚೇರಿಯವರಿಗೆ ತಮ್ಮ ಕಂಪ್ಯೂಟರ್‌ಗಳ ಮೇಲೆ ಅನುಮಾನ ಬಂತು. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ನವರೂ ಸೇರಿದ್ದ ತಂಡ ತನಿಖೆ ಮಾಡಿತು. 2009ರ ಮಾರ್ಚ್‌ನಲ್ಲಿ ಬಂದ ವರದಿಯಲ್ಲಿ ಈ ಜಾಲಕ್ಕೆ ಘೋಸ್ಟ್‌ನೆಟ್ ಅಂತ ಹೆಸರಿಟ್ಟರು. 103 ದೇಶಗಳ 1,295 ಕಂಪ್ಯೂಟರ್‌ಗಳು ಅದರಲ್ಲಿ ಸಿಕ್ಕಿಬಿದ್ದಿದ್ದವು. ಇಮೇಲ್‌ನಲ್ಲಿ ಬಂದ ಸೋಂಕಿತ ಕಡತವೊಂದನ್ನು 34 ಆಂಟಿವೈರಸ್‌ಗಳಿಗೆ ತೋರಿಸಿದರೆ ಹಿಡಿದದ್ದು 11 ಮಾತ್ರ. ಹಾಗಾದರೆ ತಂಡಕ್ಕೆ ಗೊತ್ತಾದದ್ದು ಹೇಗೆ? ಕಂಪ್ಯೂಟರಿನಿಂದ ಇಂಟರ್‌ನೆಟ್‌ಗೆ ಹೋಗುತ್ತಿದ್ದ ಮಾಹಿತಿಯನ್ನು ಹೊರಗೆ ನಿಂತು ಹಿಡಿದು ನೋಡಿದರು. ಕಡತಗಳು ಸೋರಿ ಹೋಗುವುದು ಅಲ್ಲಿ ಕಾಣಿಸಿತು.

ನಿಮಗೂ ಇದೇ ದಾರಿ. ಅನುಮಾನ ಇರುವ ಲ್ಯಾಪ್‌ಟಾಪ್‌ನ ಹತ್ತಿರವೇ ‘ನೀನು ಸರಿ ಇದ್ದೀಯಾ’ ಅಂತ ಕೇಳಿ, ಅದರ ಉತ್ತರವನ್ನಷ್ಟೇ ನಂಬಿ ಕೂರಬೇಡಿ. ಮೊದಲು ಹೊರಗಿನಿಂದ ನೋಡಿ, ಆಮೇಲೆ ಒಳಗೆ. ನೀವು ಸಾಮಾನು ಹಿಡಿದು ನೆಟ್‌ವರ್ಕ್ ಪರೀಕ್ಷೆ ಮಾಡಬೇಕಾಗಿಲ್ಲ. ನಿಮ್ಮ ಖಾತೆಗಳೇ ಬಹಳಷ್ಟು ಹೇಳುತ್ತವೆ.

ಆ ಲ್ಯಾಪ್‌ಟಾಪನ್ನು ಮುಚ್ಚಿಟ್ಟು ಮೊಬೈಲ್ ತೆಗೆದುಕೊಳ್ಳಿ. ಬಂದ ಮೇಲ್‌ನ ಲಿಂಕ್ ಒತ್ತಬೇಡಿ, ಆ ಇಮೇಲ್ ನಕಲಿಯೂ ಇರಬಹುದು. ನೇರವಾಗಿ ಗೂಗಲ್ ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ ‘ಯುವರ್ ಡಿವೈಸಸ್’ ನೋಡಿ. ಯಾವ ಯಾವ ಸಾಧನದಲ್ಲಿ ನಿಮ್ಮ ಖಾತೆ ತೆರೆದಿದೆ, ಯಾವಾಗ, ಎಲ್ಲಿಂದ, ಎಲ್ಲ ಅಲ್ಲಿದೆ. ಊರಿನ ಹೆಸರು ನೋಡಿ ಗಾಬರಿಯಾಗಬೇಡಿ. ಉಡುಪಿಯಲ್ಲಿ ಕೂತು ಸೈನ್ ಇನ್ ಆದರೂ ಬೆಂಗಳೂರು ಅಂತಲೋ ಮುಂಬೈ ಅಂತಲೋ ತೋರಿಸಬಹುದು, ಯಾಕೆಂದರೆ ಅದು ನಿಮ್ಮ ಇಂಟರ್‌ನೆಟ್ ಕಂಪನಿಯ ವಿಳಾಸದ ಮೇಲೆ ಮಾಡುವ ಅಂದಾಜು. ಸಾಧನದ ಹೆಸರು ಮತ್ತು ಹೊತ್ತು ನೋಡಿ. ನೀವು ಮಲಗಿದ್ದ ಹೊತ್ತಿನಲ್ಲಿ, ನಿಮ್ಮ ಮನೆಯಲ್ಲೇ ಇಲ್ಲದ ಕಂಪ್ಯೂಟರ್ ಒಳಗೆ ಬಂದಿದ್ದರೆ ಅದು ನಿಜವಾದ ಸುಳಿವು.

ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಇನ್ನೂ ಎರಡು ಜಾಗ ನೋಡಬೇಕು: ಫಾರ್ವರ್ಡಿಂಗ್ ಮತ್ತು ಫಿಲ್ಟರ್. ಇದು ಫೋನಿನ ಆ್ಯಪ್‌ನಲ್ಲಿ ಸಿಗುವುದಿಲ್ಲ, ನಂಬಿಕೆಯ ಬೇರೆ ಕಂಪ್ಯೂಟರ್ ಬೇಕು. ಒಳಗೆ ನುಗ್ಗಿದವರು ನಿಮ್ಮ ಮೇಲ್‌ಗಳೆಲ್ಲ ತಮಗೂ ಒಂದು ಪ್ರತಿ ಬರುವ ಹಾಗೆ ಮಾಡಿಟ್ಟು ಹೋಗುತ್ತಾರೆ, ಇಲ್ಲವೇ ಬ್ಯಾಂಕಿನ ಮೇಲ್ ಬಂದ ಕೂಡಲೇ ಕಸದ ಬುಟ್ಟಿಗೆ ಬೀಳುವ ಹಾಗೆ ಫಿಲ್ಟರ್ ಹಾಕುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಇವು ಹಾಗೇ ಉಳಿಯುತ್ತವೆ. ಬಹಳ ಜನ ಎಡವುವುದು ಇಲ್ಲೇ.

ಖಾತೆಯಲ್ಲಿ ಗೊತ್ತಿಲ್ಲದ ಸಾಧನ ಇದೆ ಅಂತಿಟ್ಟುಕೊಳ್ಳಿ. ಹಾಗಾದರೆ ಲ್ಯಾಪ್‌ಟಾಪ್‌ನಲ್ಲಿ ಸ್ಪೈವೇರ್ ಇದೆ ಅಂತಲೇ? ಆಗಬೇಕೆಂದಿಲ್ಲ. ಬೇರೆಲ್ಲೋ ಸೋರಿದ ಪಾಸ್‌ವರ್ಡನ್ನೇ ನೀವು ಇಲ್ಲೂ ಬಳಸಿರಬಹುದು. ‘ನಿಮ್ಮ ಕ್ಯಾಮೆರಾದಿಂದ ವಿಡಿಯೋ ಮಾಡಿದ್ದೇನೆ, ಬಿಟ್‌ಕಾಯಿನ್ ಕಳಿಸಿ’ ಅಂತ ಹಳೇ ಪಾಸ್‌ವರ್ಡ್ ಬರೆದು ಹೆದರಿಸುವ ಮೇಲ್‌ಗಳೂ ಬರುವುದು ಹೆಚ್ಚಾಗಿ ಹೀಗೆಯೇ. ಅವರು ನಿಮ್ಮ ಕಂಪ್ಯೂಟರ್ ಒಳಗೆ ಬಂದೇ ಇರುವುದಿಲ್ಲ, ಅದಕ್ಕೆ ದುಡ್ಡು ಕೊಡಬೇಡಿ. ಆದರೆ ಜಿಮೇಲ್, ಫೇಸ್‌ಬುಕ್, ಶಾಪಿಂಗ್ ಖಾತೆ, ಹೀಗೆ ಬೇರೆ ಬೇರೆ ಪಾಸ್‌ವರ್ಡ್ ಇರುವ ಎರಡು ಮೂರು ಕಡೆ ಒಟ್ಟಿಗೇ ಯಾರೋ ಬಂದು ಹೋಗಿದ್ದರೆ, ಅದರಲ್ಲೂ ಎರಡು ಹಂತದ ಭದ್ರತೆ ಇದ್ದೂ ಬಂದಿದ್ದರೆ, ಆಗ ನನ್ನ ಅನುಮಾನ ಲ್ಯಾಪ್‌ಟಾಪ್‌ನ ಮೇಲೆಯೇ. ಈಗಿನ ಮಾಹಿತಿ ಕದಿಯುವ ತಂತ್ರಾಂಶಗಳು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಮಾತ್ರ ಅಲ್ಲ, ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಅನ್ನುವುದಕ್ಕೆ ಗುರುತಾಗಿರುವ ಕುಕೀಗಳನ್ನೂ ಎತ್ತಿಕೊಂಡು ಹೋಗುತ್ತವೆ. ಆ ಕುಕೀ ಕೈಗೆ ಸಿಕ್ಕಿದರೆ ಒಟಿಪಿ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಲುಮ್ಮಾ ಅನ್ನುವುದು ಇಂಥದ್ದೇ ಒಂದು. 2025ರ ಮಾರ್ಚ್ 16ರಿಂದ ಮೇ 16ರ ನಡುವೆ, ಎರಡೇ ತಿಂಗಳಲ್ಲಿ, ಅದು ಸೇರಿಕೊಂಡಿದ್ದ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳನ್ನು ಗುರುತಿಸಿದ್ದಾಗಿ ಮೈಕ್ರೋಸಾಫ್ಟ್ ಹೇಳಿದೆ.

ಈಗ ಲ್ಯಾಪ್‌ಟಾಪ್ ತೆರೆಯೋಣ. ವೈಫೈ ಆಫ್ ಮಾಡಿಕೊಳ್ಳಿ.

ರಿಪೇರಿಯಿಂದ ಬಂದಿದೆ ಅಂದಿರಲ್ಲ, ಹಾಗಾಗಿ ಮೊದಲು ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಆದ ಆ್ಯಪ್‌ಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ರಿಪೇರಿಯ ದಿನ ಏನೇನು ಬಂದಿದೆ ನೋಡಿ. ಎನಿಡೆಸ್ಕ್, ಟೀಮ್‌ವ್ಯೂವರ್ ಥರದ್ದು ಸಿಗಬಹುದು. ಇವು ಸ್ಪೈವೇರ್ ಅಲ್ಲ, ದೂರದಿಂದ ರಿಪೇರಿ ಮಾಡುವುದಕ್ಕೆ ದಿನಾ ಬಳಸುವ ತಂತ್ರಾಂಶಗಳೇ. ಅದಕ್ಕೇ ಆಂಟಿವೈರಸ್ ಏನೂ ಹೇಳುವುದಿಲ್ಲ. ಆದರೆ ಒಳಗೆ ಒಂದು ಪಾಸ್‌ವರ್ಡ್ ಹಾಕಿಟ್ಟರೆ ನೀವು ಒಪ್ಪಿಗೆ ಕೊಡದೆಯೂ ಬೇಕೆಂದಾಗ ಒಳಗೆ ಬರಬಹುದು. ರಿಪೇರಿಯವರು ಕೆಲಸಕ್ಕೆ ಹಾಕಿ ತೆಗೆಯಲು ಮರೆತಿರುವ ಸಾಧ್ಯತೆಯೇ ಜಾಸ್ತಿ, ಹಾಗಾಗಿ ಅವರ ಮೇಲೆ ಕೂಡಲೇ ತಪ್ಪು ಹೊರಿಸಬೇಡಿ. ಆದರೆ ತೆಗೆದುಹಾಕಿ. ಅಕೌಂಟ್ಸ್‌ನಲ್ಲಿ ನಿಮ್ಮದಲ್ಲದ ಬಳಕೆದಾರರ ಹೆಸರು ಇದೆಯಾ ಅಂತಲೂ ನೋಡಿ.

ಮುಂದಿನದು ಯಾರೂ ನೋಡದ ಜಾಗ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಸೆಟ್ಟಿಂಗ್ಸ್‌ನಲ್ಲಿ ಕೆಳಗೆ ಹೋದರೆ ‘ಎಕ್ಸ್‌ಕ್ಲೂಷನ್ಸ್’ ಅಂತ ಇದೆ. ಇಲ್ಲಿ ಬರೆದ ಫೋಲ್ಡರ್‌ಗಳನ್ನು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಮುಟ್ಟುವುದೇ ಇಲ್ಲ. ಸುರತ್ಕಲ್ ಕಡೆಯ ಇಂಜಿನಿಯರಿಂಗ್ ಹುಡುಗನೊಬ್ಬನ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದೆ, ಆ ಪಟ್ಟಿಯಲ್ಲಿ ಒಂದೇ ಸಾಲು: ಇಡೀ ಸಿ ಡ್ರೈವ್. ಅವನು ಹಾಕಿದ್ದಲ್ಲ. ಡ್ರಾಯಿಂಗ್ ತಂತ್ರಾಂಶವೊಂದರ ಕ್ರ್ಯಾಕ್ (ದುಡ್ಡು ಕೊಡದೆ ಬಳಸುವ ಹಾಗೆ ಮಾಡಿದ ಕಳ್ಳ ಪ್ರತಿ) ಇಳಿಸಿಕೊಂಡಿದ್ದ, ಅದು ಆ ಸಾಲು ಬರೆದಿತ್ತು. ಪ್ರತಿ ಸಲ ಸ್ಕ್ಯಾನ್ ಮಾಡಿದಾಗಲೂ ‘ಅಪಾಯ ಇಲ್ಲ’ ಅಂತಲೇ ಬರುತ್ತಿತ್ತು. ಬರದೆ ಇನ್ನೇನು, ಸ್ಕ್ಯಾನ್ ಏನನ್ನೂ ನೋಡುತ್ತಲೇ ಇರಲಿಲ್ಲ. ನಿಮ್ಮ ಪಟ್ಟಿ ಖಾಲಿ ಇರಬೇಕು. ನೀವು ಹಾಕದ ಸಾಲು ಇದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು, ಆಮೇಲೆ ಅಳಿಸಿ.

ಟಾಸ್ಕ್ ಮ್ಯಾನೇಜರ್ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನೋಡಬಹುದು, ಆದರೆ ಅದರಿಂದ ಗಾಬರಿಯಾಗುವುದೇ ಹೆಚ್ಚು. ಸರ್ವಿಸ್ ಹೋಸ್ಟ್ ಅಂತ ಹತ್ತಾರು ಸಾಲು ಇರುತ್ತವೆ, ಅದು ಸಹಜ. ಅದಕ್ಕಿಂತ ಆಟೋರನ್ಸ್ ಅನ್ನುವ ತಂತ್ರಾಂಶ ಒಳ್ಳೆಯದು. ಸಿಸ್‌ಇಂಟರ್ನಲ್ಸ್ ಅನ್ನುವವರು ಮಾಡಿದ್ದು, 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು, ಈಗ ಅವರ ತಾಣದಲ್ಲೇ ಪುಕ್ಕಟೆ ಸಿಗುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್ ಡ್ರೈವ್‌ನಲ್ಲಿ ತನ್ನಿ. ಕಂಪ್ಯೂಟರ್ ಆನ್ ಆದಾಗ ತಾನಾಗಿ ಶುರುವಾಗುವುದನ್ನೆಲ್ಲ ಇದು ಪಟ್ಟಿ ಮಾಡುತ್ತದೆ. ಸ್ಪೈವೇರ್‌ಗೆ ಲ್ಯಾಪ್‌ಟಾಪ್ ಆಫ್ ಮಾಡಿದ ಮೇಲೂ ಬದುಕಿರಬೇಕು, ಹಾಗಾಗಿ ಎಲ್ಲೋ ಒಂದು ಕಡೆ ತನ್ನ ಹೆಸರು ಬರೆಸಿಕೊಳ್ಳಲೇಬೇಕು. ಒಂದು ಸಲ ಕದ್ದು ತನ್ನನ್ನೇ ಅಳಿಸಿಕೊಂಡು ಹೋಗುವ ಕಳ್ಳರು ಬೇರೆ, ಅವರ ಗುರುತು ಇಲ್ಲಿ ಸಿಗುವುದಿಲ್ಲ. ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡಿ, ತಯಾರಕರ ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಆಯ್ಕೆ ಹಾಕಿ. ತಯಾರಕರ ಹೆಸರು ಅಥವಾ ಸರಿಯಾದ ಸಹಿ ಇಲ್ಲದ ಸಾಲುಗಳು ಗುಲಾಬಿ ಬಣ್ಣದಲ್ಲಿ ಕಾಣುತ್ತವೆ. ಗುಲಾಬಿ ಎಲ್ಲ ಕೆಟ್ಟದ್ದಲ್ಲ, ಹಳೇ ಪ್ರಿಂಟರ್ ಡ್ರೈವರ್ ಕೂಡ ಹಾಗೆ ಬರಬಹುದು. ಆದರೆ ಗುಲಾಬಿ ಸಾಲು, ಅರ್ಥವಿಲ್ಲದ ಅಕ್ಷರಗಳ ಹೆಸರು, ಕಡತ ಇರುವ ಜಾಗ ಟೆಂಪ್ ಅಥವಾ ಆ್ಯಪ್‌ಡೇಟಾ ಫೋಲ್ಡರ್, ಈ ಮೂರೂ ಕೂಡಿ ಬಂದರೆ ಬಿಡಬೇಡಿ. ಇದೇ ಆಟೋರನ್ಸ್‌ನಿಂದ ಅದನ್ನು ವೈರಸ್‌ಟೋಟಲ್ ಅನ್ನುವ, ಹತ್ತಾರು ಆಂಟಿವೈರಸ್‌ಗಳಿಗೆ ಒಟ್ಟಿಗೆ ತೋರಿಸುವ ತಾಣದ ಮಾಹಿತಿಗೆ ಹೋಲಿಸಿ ನೋಡಬಹುದು. ಅದಕ್ಕೆ ಸ್ವಲ್ಪ ಹೊತ್ತು ಇಂಟರ್‌ನೆಟ್ ಬೇಕು.

ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಷನ್‌ಗಳನ್ನೂ ನೋಡಿ. ಎಲ್ಲ ಪುಟಗಳನ್ನು ಓದುವ ಅನುಮತಿ ಇರುವ ಎಕ್ಸ್‌ಟೆನ್ಷನ್ ನಿಮ್ಮ ಬ್ಯಾಂಕ್ ಪುಟವನ್ನೂ ಓದುತ್ತದೆ. ಕ್ಯಾಮೆರಾ, ಮೈಕ್ ಬಗ್ಗೆ ಅನುಮಾನ ಇದ್ದರೆ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಕೊನೆಗೆ ಯಾವ ಆ್ಯಪ್ ಯಾವಾಗ ಬಳಸಿತು ಅಂತ ಇರುತ್ತದೆ.

ಆಮೇಲೆ ಒಂದು ಕೆಲಸ ಮಾಡಲೇಬೇಕು: ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಪರೀಕ್ಷೆ ನಡೆಯುತ್ತದೆ. ಸುಮಾರು 15 ನಿಮಿಷ ಸಾಕು. ಒಳಗಿರುವುದು ಎದ್ದು ಬಚ್ಚಿಟ್ಟುಕೊಳ್ಳುವ ಮೊದಲು ನೋಡುವುದರಿಂದ, ಮಾಮೂಲಿ ಸ್ಕ್ಯಾನ್‌ಗೆ ಸಿಗದ್ದು ಇಲ್ಲಿ ಸಿಗಬಹುದು.

ಕಚೇರಿಯಲ್ಲಿ ಡೆಸ್ಕ್‌ಟಾಪ್ ಬಳಸುವವರು ಹಿಂದೆ ಬಗ್ಗಿ ನೋಡಬೇಕು. ಕೀಬೋರ್ಡ್ ವೈರ್ ಮತ್ತು ಪೋರ್ಟ್ ನಡುವೆ ಪೆನ್ ಡ್ರೈವ್ ಥರದ ಸಣ್ಣ ತುಂಡು ಇದ್ದರೆ ಅದು ನೀವು ಒತ್ತಿದ ಪ್ರತಿ ಕೀ ಬರೆದಿಡುವ ಸಾಧನ ಇರಬಹುದು. ಯಾವ ಸ್ಕ್ಯಾನ್‌ಗೂ ಸಾಮಾನ್ಯವಾಗಿ ಅದು ಕಾಣುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ.

ಇನ್ನೊಂದು ನೆನಪು ಮಾಡಿಕೊಳ್ಳಿ. ಈಚೆಗೆ ಯಾವುದಾದರೂ ತಾಣ ‘ನೀವು ರೋಬೋಟ್ ಅಲ್ಲ ಅಂತ ತೋರಿಸಿ’ ಅಂತ ಹೇಳಿ ವಿಂಡೋಸ್ ಕೀ ಜೊತೆ ಆರ್ ಒತ್ತಿಸಿ, ಅಲ್ಲಿ ಏನನ್ನೋ ಪೇಸ್ಟ್ ಮಾಡಿಸಿ ಎಂಟರ್ ಒತ್ತಿಸಿತಾ? ಕ್ರ್ಯಾಕ್ ಮಾಡಿದ ಆಫೀಸ್, ವಿಂಡೋಸ್ ಆಕ್ಟಿವೇಟರ್ ಏನಾದರೂ ಹಾಕಿಸಿದ್ದಿರಾ? ಹೌದು ಅಂತಾದರೆ ಬೇರೆ ಸುಳಿವು ಸಿಗಲಿ ಬಿಡಲಿ, ಲ್ಯಾಪ್‌ಟಾಪ್ ಕೆಟ್ಟಿದೆ ಅಂತಲೇ ತಿಳಿದು ಮುಂದುವರಿಯಿರಿ. ಲುಮ್ಮಾದಂಥವು ಬರುವುದು ಈ ದಾರಿಗಳಿಂದಲೇ.

ಇಷ್ಟೆಲ್ಲ ಮಾಡಿಯೂ ಏನೂ ಸಿಗದಿದ್ದರೆ? ಸ್ಪೈವೇರ್ ಇದೆ ಅಂತ ಸಾಬೀತು ಮಾಡಬಹುದು, ಆದರೆ ಖಂಡಿತ ಇಲ್ಲ ಅಂತ ಸರ್ಟಿಫಿಕೇಟ್ ಕೊಡುವವರು ಯಾರೂ ಇಲ್ಲ. ಹಾಗಾಗಿ ಖಾತೆಯಲ್ಲಿ ಅಪರಿಚಿತ ಸಾಧನ ಕಂಡಿದ್ದರೆ ನಾನು ನಿಮಗೆ ಹೇಳುವುದು ಒಂದೇ, ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿ. ಬೇರೆಯವರ ಬ್ಯಾಂಕ್ ಲೆಕ್ಕ ನಿಮ್ಮ ಕೈಯಲ್ಲಿದೆ ಅಲ್ವಾ, ಅನುಮಾನ ಇಟ್ಟುಕೊಂಡು ಕೆಲಸ ಮಾಡುವ ಹಾಗಿಲ್ಲ. ಜೂನ್, ಜುಲೈ ತಿಂಗಳ ಟ್ರಾಲಿಂಗ್ ನಿಷೇಧದ ಬಿಡುವಿನಲ್ಲಿ ಮಾಡಿದರಾಯಿತು ಅಂತ ಮುಂದೂಡಬೇಡಿ. ಬೇರೆ ಕಂಪ್ಯೂಟರಿನಲ್ಲಿ, ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಂಡ ವಿಂಡೋಸ್‌ನ ಪೆನ್ ಡ್ರೈವ್ ಮಾಡಿಸಿ. ಟ್ಯಾಲಿ ಡೇಟಾ, ಎಕ್ಸೆಲ್, ಪಿಡಿಎಫ್, ಫೋಟೋ ಮಾತ್ರ ಬ್ಯಾಕಪ್ ತೆಗೆಯಿರಿ. ಹಳೇ ಸೆಟಪ್ ಕಡತಗಳನ್ನು ತರಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ, ಹಾಗಾಗಿ ಲ್ಯಾಪ್‌ಟಾಪ್‌ಗೆ ಆಗುವುದಾದರೆ 11 ಹಾಕಿಸಿ.

ಪಾಸ್‌ವರ್ಡ್‌ಗಳನ್ನು ಮಾತ್ರ ಇವತ್ತೇ ಬದಲಿಸಿ, ಮೊಬೈಲ್‌ನಿಂದ. ಹಳೇ ಲ್ಯಾಪ್‌ಟಾಪ್‌ನಲ್ಲಿ ಬದಲಿಸಿದರೆ ಹೊಸದೂ ಅವರ ಕೈಗೇ ಹೋಗುತ್ತದೆ. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಜಿಎಸ್‌ಟಿ ಮತ್ತು ಉಳಿದದ್ದು, ಯಾಕೆಂದರೆ ಇಮೇಲ್ ಕೈಯಲ್ಲಿದ್ದರೆ ಬೇರೆಲ್ಲದರ ಪಾಸ್‌ವರ್ಡ್ ರೀಸೆಟ್ ಮಾಡಬಹುದು. ಬದಲಿಸಿದ ಮೇಲೆ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಆಗ ಕದ್ದ ಕುಕೀಗಳಿಗೆ ಬೆಲೆ ಇರುವುದಿಲ್ಲ.

ಮನೆಯಲ್ಲೇ ಇರುವವರು ಯಾರೋ ನಿಮ್ಮ ಮೇಲೆ ಕಣ್ಣಿಡಲು ಹಾಕಿದ್ದು ಅಂತ ಅನುಮಾನ ಇರುವ ಓದುಗರು ಮಾತ್ರ ಸುಮ್ನೆ ತೆಗೆದುಹಾಕಬೇಡಿ. ತೆಗೆದ ಕೂಡಲೇ ಹಾಕಿದವರಿಗೆ ಗೊತ್ತಾಗುತ್ತದೆ. ಮೊದಲು ಬೇರೆ ಫೋನಿನಿಂದ ನಂಬಿಕೆಯವರಿಗೋ, 181 ಮಹಿಳಾ ಸಹಾಯವಾಣಿಗೋ ತಿಳಿಸಿ.

ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ದುಡ್ಡು ಹೋಗದಿದ್ದರೂ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದೂರು ಕೊಡಬಹುದು, ಇಲ್ಲವೇ ಉಡುಪಿ ಅಥವಾ ಮಂಗಳೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಬಹುದು. ಅನುಮತಿ ಇಲ್ಲದೆ, ಮೋಸದ ಉದ್ದೇಶದಿಂದ ಬೇರೆಯವರ ಕಂಪ್ಯೂಟರಿಗೆ ನುಗ್ಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ದೂರು ಕೊಡುವ ಯೋಚನೆ ಇದ್ದರೆ ವಿಂಡೋಸ್ ಅಳಿಸುವುದಕ್ಕೆ ಮೊದಲೇ ಠಾಣೆಗೆ ಹೋಗಿ, ಯಾಕೆಂದರೆ ಅಳಿಸಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಅವರಿಗೆ ನೋಡಲು ಏನೂ ಉಳಿಯುವುದಿಲ್ಲ. ರಿಪೇರಿಯ ರಸೀದಿ, ಗೂಗಲ್‌ನಿಂದ ಬಂದ ಮೇಲ್, ಸಾಧನಗಳ ಪಟ್ಟಿಯ ಸ್ಕ್ರೀನ್‌ಶಾಟ್, ಇಷ್ಟನ್ನು ದಿನಾಂಕ ಕಾಣುವ ಹಾಗೆ ಜೊತೆಯಲ್ಲಿ ಒಯ್ಯಿರಿ.