ಹನ್ನೆರಡರಲ್ಲೊಂದು ಜಾವಾ: ಮಾಡೆಲ್ ಕಟ್ಟಲು ಕಲಿಯುವವರಿಗೆ ಟಿಪ್ಪಣಿ

ಮೊದಲು ಟೈರಿನ ಅಳತೆ ಬರೆದಿಟ್ಟುಕೊಳ್ಳಿ. ಮಿಕ್ಕ ಲೆಕ್ಕವೆಲ್ಲ ಅದರಿಂದಲೇ ಹೊರಡುತ್ತದೆ.

ಮೈಸೂರಿನಲ್ಲಿ ತಯಾರಾದ ಜಾವಾ 250 ಗಾಡಿಯನ್ನು 1/12 ಅಳತೆಯಲ್ಲಿ, ಕಿಟ್ (ಸಿದ್ಧ ಭಾಗಗಳ ಪೆಟ್ಟಿಗೆ) ಇಲ್ಲದೆ, ಮನೆಯಲ್ಲಿ ಸಿಗುವ ಸಾಮಾನಿನಿಂದ ಕಟ್ಟುವಾಗ ನಾನು ಮಾಡಿಕೊಂಡ ಟಿಪ್ಪಣಿಗಳು ಇವು. ಹೊಸದಾಗಿ ಕಲಿಯುತ್ತಿರುವವರಿಗೆ ಅನುಕೂಲವಾಗಲಿ ಅಂತ ಬಿಡಿಸಿ ಬರೆದಿದ್ದೇನೆ. 1/12 ಆರಿಸಿದ್ದಕ್ಕೆ ಕಾರಣ ಸರಳ. ಮೋಟಾರ್‌ಸೈಕಲ್ ಕಿಟ್‌ಗಳಲ್ಲಿ ಜಾಸ್ತಿ ಕಾಣುವ ಅಳತೆ ಇದು. ಮುಂದೆ ಪಕ್ಕದಲ್ಲಿ ಬೇರೆ ಗಾಡಿ ನಿಲ್ಲಿಸಿದರೂ ಹೊಂದಿಕೊಳ್ಳುತ್ತದೆ.

ಗಾಡಿಯ ಹಿನ್ನೆಲೆ ಚುಟುಕಾಗಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ತಯಾರಿಕೆಯನ್ನು ಕೊಂಡರು. ಎರಡೂ ಹೆಸರಿನ ಮೊದಲ ಅಕ್ಷರಗಳು (Ja ಮತ್ತು Wa) ಸೇರಿ ಜಾವಾ ಆಯಿತು. ನಾವು ಕಟ್ಟುತ್ತಿರುವುದು 1954ರಲ್ಲಿ ಬಂದ 353 ಮಾದರಿಯ ವಂಶದ್ದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು, 1996ರಲ್ಲಿ ಮುಚ್ಚಿತು. ನಡುವೆ ಗಾಡಿಗಳ ಮೇಲೆ ಜಾವಾ ಹೆಸರು ಹೋಗಿ ಯೆಜ್ಡಿ ಹೆಸರು ಬಂತು. ಮಾಡೆಲ್‌ಗೆ ಮುಖ್ಯವಾದ ಮಾತು ಇಷ್ಟು: ಜಾವಾ ಮತ್ತು ಯೆಜ್ಡಿ ಭಾಗಗಳನ್ನು ಬೆರೆಸಬೇಡಿ. ನೀವು ನೋಡುವ ಫೋಟೋ ಯಾವ ಗಾಡಿಯದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಫೋಟೋದಿಂದ ಅಳೆಯುವುದು

ಈ ಗಾಡಿಯ ಟೈರ್ 3.25-16. ಅಂದರೆ ರಿಮ್ 16 ಇಂಚು, ಟೈರಿನ ಅಗಲ 3.25 ಇಂಚು. ಮಿಲಿಮೀಟರಿನಲ್ಲಿ ರಿಮ್ 406, ಟೈರ್ 82.5. ಟೈರಿನ ಎತ್ತರವೂ ಹೆಚ್ಚುಕಡಿಮೆ ಅಗಲದಷ್ಟೇ ಅಂತ ಇಟ್ಟುಕೊಂಡರೆ ಇಡೀ ಚಕ್ರದ ವ್ಯಾಸ 406 ಮತ್ತು ಎರಡು ಸಲ 82.5, ಒಟ್ಟು 571 ಮಿಮೀ. ಹನ್ನೆರಡರಿಂದ ಭಾಗಿಸಿ. 47.6 ಮಿಮೀ. ನಿಮ್ಮ ಮಾಡೆಲ್‌ನ ಚಕ್ರ ಅಷ್ಟಿರಬೇಕು.

ಈಗ ಗಾಡಿಯನ್ನು ನೇರ ಪಕ್ಕದಿಂದ ತೆಗೆದ ಒಂದು ಫೋಟೋ ಬೇಕು. ನನ್ನ ಹತ್ತಿರ ಇದ್ದದ್ದು ಸೋದರಮಾವನ ಜಾವಾದ ಕಪ್ಪು ಬಿಳುಪು ಫೋಟೋ, ಅಂಗೈ ಅಗಲದ್ದು. ಅದನ್ನು ಸ್ಕ್ಯಾನ್ ಮಾಡಿಸಿ ದೊಡ್ಡದಾಗಿ ಪ್ರಿಂಟ್ ತೆಗೆಸಿದೆ. ಪ್ರಿಂಟಿನಲ್ಲಿ ಚಕ್ರದ ವ್ಯಾಸ 40 ಮಿಮೀ ಬಂತು. ಮಾಡೆಲ್‌ನಲ್ಲಿ ಅದು 47.6 ಆಗಬೇಕು. 47.6 ಭಾಗಿಸು 40, ಅಂದರೆ 1.19. ಇನ್ನು ಮುಂದೆ ಆ ಪ್ರಿಂಟಿನಲ್ಲಿ ಏನೇ ಅಳೆದರೂ 1.19ರಿಂದ ಗುಣಿಸಿದರೆ ಆಯಿತು. ಸೀಟು 42 ಮಿಮೀ ಇತ್ತು, ಮಾಡೆಲ್‌ನಲ್ಲಿ 50 ಮಿಮೀ ಮಾಡಿದೆ. ಕಂಪನಿಯ ಡ್ರಾಯಿಂಗ್ ಇಲ್ಲ ಅಂತ ಕೈಕಟ್ಟಿ ಕೂರಬೇಕಿಲ್ಲ.

ಆದರೆ ಎಲ್ಲ ಫೋಟೋವನ್ನೂ ನಂಬಬೇಡಿ. ಎರಡು ಪರೀಕ್ಷೆ ಮಾಡಿ. ಚಕ್ರದ ಅಗಲ ಎತ್ತರ ಎರಡೂ ಸಮ ಇದೆಯಾ ನೋಡಿ. ಚಕ್ರ ಮೊಟ್ಟೆಯಂತೆ ಕಂಡರೆ ಕ್ಯಾಮೆರಾ ಓರೆಯಾಗಿತ್ತು ಅಂತ ಅರ್ಥ. ಆಮೇಲೆ ಹಿಂದಿನ ಮತ್ತು ಮುಂದಿನ ಚಕ್ರ ಎರಡೂ ಒಂದೇ ಅಳತೆ ಬರುತ್ತಾ ನೋಡಿ. ಈ ಗಾಡಿಯಲ್ಲಿ ಎರಡಕ್ಕೂ ಒಂದೇ ಸೈಜಿನ ಟೈರ್, ಹಾಗಾಗಿ ವ್ಯತ್ಯಾಸ ಬಂದರೆ ಒಂದು ತುದಿ ಕ್ಯಾಮೆರಾಗೆ ಹತ್ತಿರ ಇತ್ತು. ಅಂಥ ಫೋಟೋವನ್ನು ವಿವರ ನೋಡಲಿಕ್ಕೆ ಬಳಸಿ, ಅಳತೆಗೆ ಬೇಡ. ಸಾಧ್ಯವಾದರೆ ನಿಜವಾದ ಗಾಡಿಯನ್ನೂ ನೋಡಿ ಬನ್ನಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಪ್ರಿಯರು ಜಾವಾ ದಿನ ಆಚರಿಸುತ್ತಾರೆ. ಒಂದೇ ಬೆಳಿಗ್ಗೆ ಹತ್ತಾರು ಗಾಡಿಗಳನ್ನು ಹತ್ತಿರದಿಂದ ನೋಡಬಹುದು. ಕೇಳಿದರೆ ಮಾಲೀಕರು ಪ್ರೀತಿಯಿಂದ ತೋರಿಸುತ್ತಾರೆ.

ಚಕ್ರ

ರಿಮ್‌ಗೆ ಒಂದಿಂಚಿನ ನೀರಿನ ಪೈಪು ಹೇಳಿ ಮಾಡಿಸಿದಂತಿದೆ. 406 ಮಿಮೀ ರಿಮ್ 1/12ರಲ್ಲಿ 33.9 ಆಗುತ್ತದೆ. ಒಂದಿಂಚಿನ ಪಿವಿಸಿ ಪೈಪಿನ ಹೊರ ವ್ಯಾಸ 33.4 ಮಿಮೀ. ಅರ್ಧ ಮಿಲಿಮೀಟರ್ ವ್ಯತ್ಯಾಸ ಪೇಂಟಿನಲ್ಲಿ, ಟೈರಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅಂಗಡಿಯಲ್ಲಿ 32 ಮಿಮೀ ಪೈಪೂ ಸಿಗುತ್ತದೆ, ಅದಕ್ಕೇ ವರ್ನಿಯರ್ ಹಿಡಿದು ಅಳೆದೇ ತನ್ನಿ. ನಾಲ್ಕೂವರೆ ಮಿಮೀ ಅಗಲದ ಬಳೆ ಕತ್ತರಿಸಿ, ಒಳಗಿನಿಂದ ಅರದಲ್ಲಿ ಉಜ್ಜಿ ದಪ್ಪವನ್ನು ಒಂದು ಮಿಮೀಗೆ ಇಳಿಸಿ. ಟೈರಿಗೆ ಸುಮಾರು 7 ಮಿಮೀ ದಪ್ಪದ ರಬ್ಬರ್ ಓ-ರಿಂಗ್ ಸಾಕು. ಪಂಪು, ಹೈಡ್ರಾಲಿಕ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ.

ಕಡ್ಡಿಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಹೊಸಬರ ಮಾಡೆಲ್‌ನಲ್ಲಿ ಮೊದಲು ಸೋಲುವುದು ಇಲ್ಲೇ.

ಒಂದು ಚಕ್ರಕ್ಕೆ 36 ಕಡ್ಡಿ, ಚಕ್ರದ ನಡುವೆ ಇರುವ ಹಬ್‌ನ ಒಂದೊಂದು ಬದಿಗೆ 18. ಕಾಗದದ ಮೇಲೆ ವೃತ್ತ ಬರೆದು ಹತ್ತು ಹತ್ತು ಡಿಗ್ರಿಗೆ ಗುರುತು ಹಾಕಿ, ಆ ಕಾಗದವನ್ನು ಹಲಗೆಗೆ ಅಂಟಿಸಿ ಅದರ ಮೇಲೇ ಚಕ್ರ ಕಟ್ಟಬೇಕು. ಕಡ್ಡಿಗಳನ್ನು ನಡುವಿನಿಂದ ನೇರ ಹೊರಕ್ಕೆ ಹಾಕಿದರೆ ಎತ್ತಿನಗಾಡಿ ಚಕ್ರದ ಹಾಗೆ ಕಾಣುತ್ತದೆ. ಮೋಟಾರ್‌ಸೈಕಲ್‌ನಲ್ಲಿ ಅರ್ಧ ಕಡ್ಡಿ ಮುಂದಕ್ಕೆ ವಾಲಿರುತ್ತವೆ, ಅರ್ಧ ಹಿಂದಕ್ಕೆ. ಯಾಕೆ ಅಂದ್ರೆ ಇಂಜಿನ್ ಹಬ್ಬನ್ನು ತಿರುಗಿಸಿದಾಗ ಒಂದು ಗುಂಪು ರಿಮ್ಮನ್ನು ಎಳೆಯುತ್ತದೆ, ಬ್ರೇಕ್ ಹಿಡಿದಾಗ ಇನ್ನೊಂದು ಗುಂಪು ಎಳೆಯುತ್ತದೆ. ಕಡ್ಡಿ ಎಳೆತ ತಡೆಯುತ್ತದೆ, ತಳ್ಳಿದರೆ ಬಾಗುತ್ತದೆ. ಈ ಕಾರಣ ಒಮ್ಮೆ ತಲೆಗೆ ಹೋದರೆ ಕಡ್ಡಿ ತಪ್ಪಾಗಿ ಹಾಕಲು ಕೈಯೇ ಒಪ್ಪುವುದಿಲ್ಲ.

ಕಡ್ಡಿಗೆ ಗಿಟಾರ್ ತಂತಿ ಬಳಸಿ. ಪ್ಯಾಕೆಟ್ ಮೇಲೆ .009, .012 ಅಂತ ಬರೆದಿರುತ್ತದೆ, ಅದು ಇಂಚಿನ ಲೆಕ್ಕ. .009 ಅಂದರೆ 0.23 ಮಿಮೀ, .012 ಅಂದರೆ 0.3 ಮಿಮೀ. ನಿಜವಾದ ಕಡ್ಡಿ ಮೂರೂವರೆ ಮಿಮೀ ಅಂತ ಹಿಡಿದರೆ ಲೆಕ್ಕಕ್ಕೆ ಸರಿ ಹೋಗುವುದು .012. ನಾನು ಎರಡನ್ನೂ ಹಾಕಿ ನೋಡಿದೆ. ಹೊಳೆಯುವ ತಂತಿ ಕಣ್ಣಿಗೆ ಇರುವುದಕ್ಕಿಂತ ದಪ್ಪ ಕಂಡಿತು. ಹಾಗಾಗಿ .009 ಉಳಿಸಿಕೊಂಡೆ. ಲೆಕ್ಕ ಮತ್ತು ಕಣ್ಣು ಬೇರೆ ಬೇರೆ ಹೇಳಿದಾಗ ನಾನು ಕಣ್ಣಿನ ಮಾತು ಕೇಳುತ್ತೇನೆ. ತೂತಿಗೆ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟಿನ ಹಲಗೆ) ಕೊರೆಯುವ ಸಣ್ಣ ಬಿಟ್ ಬೇಕು. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರಸ್ತೆ ಇದ್ದೇ ಇದೆ. ಗಿಟಾರ್ ತಂತಿ ಗಟ್ಟಿ ಉಕ್ಕು, ಕತ್ತರಿಸುವಾಗ ತುಂಡು ಹಾರುತ್ತದೆ. ಕನ್ನಡಕ ಹಾಕಿಕೊಳ್ಳಿ.

ಟ್ಯಾಂಕು

ಜಾವಾ ಅಂದ ತಕ್ಷಣ ಕಣ್ಣಿಗೆ ಬರುವುದು ಆ ದುಂಡು ಟ್ಯಾಂಕು, ಅಲ್ವಾ? ಎಡ ಬಲ ಒಂದೇ ಥರ ಬರುವುದೇ ಇಲ್ಲಿ ಕಷ್ಟ. ಒಂದು ಒಳ್ಳೆ ಉಪಾಯ ಇದೆ. ಅವಧಿ ಮುಗಿದ ಎಟಿಎಂ ಕಾರ್ಡಿನಲ್ಲಿ ಟ್ಯಾಂಕಿನ ಪಕ್ಕದ ಆಕಾರ ಕತ್ತರಿಸಿ. ಕಾರ್ಡಿನ ದಪ್ಪ 0.76 ಮಿಮೀ. ಅದರ ಎರಡೂ ಬದಿಗೆ ಬಾಲ್ಸಾ ಮರದ ತುಂಡು ಅಂಟಿಸಿ. ಈಗ ಚಾಕುವಿನಲ್ಲಿ ಕೆತ್ತಿ, ಅರದಲ್ಲಿ ಉಜ್ಜುತ್ತಾ ಬನ್ನಿ. ನಡುವೆ ಕಾರ್ಡಿನ ಬಿಳಿ ಗೆರೆ ಕಾಣುತ್ತಲೇ ಇರುತ್ತದೆ. ಮರ ಬೇಗ ಸವೆಯುತ್ತದೆ, ಕಾರ್ಡು ನಿಧಾನ. ಅರ ಕಾರ್ಡಿಗೆ ತಾಗಿದ ಕೂಡಲೇ ಕೈಗೆ ಗೊತ್ತಾಗುತ್ತದೆ, ಸದ್ದೂ ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಗೆರೆಯ ಆಚೆ ಈಚೆ ಎಷ್ಟು ಮರ ಉಳಿದಿದೆ ಅಂತ ನೋಡಿಕೊಂಡೇ ಎರಡೂ ಬದಿ ಸಮ ಮಾಡಬಹುದು.

ಕೊನೆಗೆ ಟ್ಯಾಂಕನ್ನು ಕನ್ನಡಿಗೆ ಹಿಡಿದು ನೋಡಿ. ನೇರ ನೋಡಿದಾಗ ಕಾಣದ ಓರೆ ಕನ್ನಡಿಯಲ್ಲಿ ಎದ್ದು ಕಾಣುತ್ತದೆ. ಬಾಲ್ಸಾ ಪೇಂಟ್ ಕುಡಿಯುತ್ತದೆ, ಆದ್ದರಿಂದ ಕಿಟಕಿ ತೆಗೆದಿಟ್ಟು ಫೆವಿಕ್ವಿಕ್ ತೆಳುವಾಗಿ ಹಚ್ಚಿ ಗಟ್ಟಿ ಮಾಡಿ. ಹಳ್ಳಗಳಿಗೆ ಎಂ-ಸೀಲ್ ತುಂಬಿ. ಒಂದು ರಾತ್ರಿ ಬಿಟ್ಟು 400, 800, 1500 ನಂಬರಿನ ಸ್ಯಾಂಡ್‌ಪೇಪರ್ ಹಿಡಿಯಿರಿ.

ಮಡ್‌ಗಾರ್ಡಿಗೂ ಎಟಿಎಂ ಕಾರ್ಡೇ. ಕುದಿದ ನೀರಿನಲ್ಲಿ ಮೆತ್ತಗಾಗುತ್ತದೆ. ಇಕ್ಕಳದಲ್ಲಿ ಹಿಡಿದು ಮರದ ಅಚ್ಚಿನ ಮೇಲೆ ಒತ್ತಿ, ತಣ್ಣೀರು ಹಾಕಿ. ಸಮಸ್ಯೆ ದಪ್ಪದ್ದು. ನಿಜವಾದ ತಗಡು ಒಂದು ಮಿಮೀ ಇದ್ದರೂ ಮಾಡೆಲ್‌ನಲ್ಲಿ ಅದು 0.08 ಆಗಬೇಕು. ಪ್ಲಾಸ್ಟಿಕ್‌ನಲ್ಲಿ ಆಗದ ಮಾತು. ಆದರೆ ನೋಡುವವರಿಗೆ ಕಾಣುವುದು ಅಂಚು ಮಾತ್ರ. ಅಂಚನ್ನು ಒಳಬದಿಯಿಂದ ಓರೆಯಾಗಿ ಉಜ್ಜಿ ಕಾಗದದಷ್ಟು ತೆಳು ಮಾಡಿ. ಇಡೀ ಮಡ್‌ಗಾರ್ಡ್ ತಗಡಿನಂತೆ ಕಾಣುತ್ತದೆ.

ಇಂಜಿನ್

ಇದು ಟೂ ಸ್ಟ್ರೋಕ್, ಬೋರ್ (ಸಿಲಿಂಡರಿನ ಒಳ ವ್ಯಾಸ) 65 ಮಿಮೀ, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75 ಮಿಮೀ. ಸೈಲೆನ್ಸರ್ ಎರಡು, ಸಿಲಿಂಡರ್ ಒಂದೇ. ಒಂದೇ ಸಿಲಿಂಡರಿನಿಂದ ಎರಡು ಪೈಪು ಹೊರಡುತ್ತವೆ. ಎರಡು ಪೈಪು ನೋಡಿ ಎರಡು ಸ್ಪಾರ್ಕ್ ಪ್ಲಗ್ ಇಟ್ಟ ಮಾಡೆಲ್ ನಾನು ನೋಡಿದ್ದೇನೆ. ಪ್ಲಗ್ ಒಂದೇ, ಅದಕ್ಕೆ ಹೋಗುವ ವೈರೂ ಒಂದೇ. ಎಡಗಡೆ ಇನ್ನೊಂದು ಗಮನಿಸಿ: ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಇಳಿಸಿದರೆ ಗೇರ್. ಬೇರೆ ಗಾಡಿ ಕಟ್ಟಿ ಅಭ್ಯಾಸ ಆದವರು ಕೈ ಓಡಿದಂತೆ ಎರಡು ಲಿವರ್ ಮಾಡಿಬಿಡುತ್ತಾರೆ.

ಸಿಲಿಂಡರಿನ ಸುತ್ತ ಪದರ ಪದರವಾಗಿ ಕಾಣುವ ಫಿನ್‌ಗಳಿಗೆ ಒಂದು ದೊಡ್ಡ ಬಿಲ್ಲೆ, ಒಂದು ಸಣ್ಣ ಬಿಲ್ಲೆ, ಹೀಗೆ ತೆಳು ಪ್ಲಾಸ್ಟಿಕ್ ಜೋಡಿಸುತ್ತಾ ಹೋಗಿ. ಸೈಲೆನ್ಸರಿನ ಬಾಗು ಪೈಪಿಗೆ 3 ಮಿಮೀ ಅಲ್ಯುಮಿನಿಯಂ ತಂತಿ ಚೆನ್ನಾಗಿ ಬಾಗುತ್ತದೆ. ಚೈನಿಗೆ ಪೂರ್ತಿ ಮುಚ್ಚಳ ಇರುವುದರಿಂದ ಚೈನ್ ಮಾಡುವ ಕೆಲಸ ಉಳಿಯುತ್ತದೆ.

ಬಣ್ಣ

ಇಲ್ಲಿ ನನಗೆ ಒಂದು ತಿಂಗಳ ಕೆಲಸ ಹಾಳಾಯಿತು. ಹಾರ್ಡ್‌ವೇರ್ ಅಂಗಡಿಯ ಎನಾಮಲ್ ಮೆರೂನ್ ಬಣ್ಣ ಹಚ್ಚಿ, ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೆ, ಮಾರನೇ ದಿನ ಹೊಳಪಿಗೆ ಅಂತ ಕಾರಿಗೆ ಹೊಡೆಯುವ ಸ್ಪ್ರೇ ಲ್ಯಾಕರ್ ಹೊಡೆದೆ. ಎರಡು ನಿಮಿಷದಲ್ಲಿ ಟ್ಯಾಂಕಿನ ಮೇಲೆ ಕಾದ ಹಾಲಿನ ಕೆನೆ ಥರ ಸುಕ್ಕು ಎದ್ದಿತು. ಎಲ್ಲ ಉಜ್ಜಿ ತೆಗೆದು ಮೊದಲಿಂದ ಶುರು ಮಾಡಿದೆ.

ಕಾರಣ ಹೀಗಿದೆ. ಎನಾಮಲ್ ನಿಧಾನವಾಗಿ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಮೇಲ್ಪದರ ಒಣಗಿದರೂ ಒಳಗೆ ಹಸಿ ಇರುತ್ತದೆ. ಲ್ಯಾಕರಿನ ತಿನ್ನರ್ ತುಂಬಾ ಖಾರ. ಅದು ಒಳಗೆ ಇಳಿದು ಅರೆಬೆಂದ ಎನಾಮಲನ್ನು ಉಬ್ಬಿಸುತ್ತದೆ. ಲ್ಯಾಕರ್ ಕೆಳಗೆ, ಎನಾಮಲ್ ಮೇಲೆ ಆದರೆ ತೊಂದರೆ ಇಲ್ಲ. ತಿರುಗಾಮುರುಗಾ ಬೇಡ. ಹೊಸ ಡಬ್ಬ ತಂದಾಗೆಲ್ಲ ಮೊದಲು ಹಳೇ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡಿ. ಮಳೆಗಾಲದಲ್ಲಿ ಲ್ಯಾಕರ್ ಹೊಡೆಯಲೇಬೇಡಿ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಬೂದಿ ಬಡಿದಂತೆ ಬೆಳ್ಳಗಾಗುತ್ತದೆ.

ಟ್ಯಾಂಕಿನ ಪಕ್ಕದ ಕ್ರೋಮ್ ಎಲ್ಲಕ್ಕಿಂತ ಕೊನೆಗೆ. ಅಡಿಯಲ್ಲಿ ಹೊಳೆಯುವ ಕಪ್ಪು ಬೇಕು, ಅದು ಎಷ್ಟು ನುಣುಪೋ ಕ್ರೋಮ್ ಅಷ್ಟೇ ಚೆನ್ನ. ದ್ರವ ಕ್ರೋಮ್ ಪೆನ್ ಬಳಸಿದರೆ ಮೇಲೆ ವಾರ್ನಿಷ್ ಹಚ್ಚಬೇಡಿ, ಮಂಕಾಗುತ್ತದೆ. ಬೆರಳೂ ತಾಗಿಸಬೇಡಿ.

ನಿಮ್ಮದೇ ಗಾಡಿ ಮಾಡುವುದು

ಕಸ್ಟಮೈಸ್ ಅಂದ ತಕ್ಷಣ ಬಹಳ ಜನ ಹ್ಯಾಂಡಲ್ ಬದಲಿಸಿ, ಸೀಟು ಕುಯ್ದು, ರೇಸ್ ಗಾಡಿ ಮಾಡುತ್ತಾರೆ. ಅದೂ ಒಂದು ದಾರಿ. ನನಗೆ ಇಷ್ಟವಾದದ್ದು ಒಬ್ಬರ ಬಳಿ ಇದ್ದ ಒಂದೇ ಒಂದು ಗಾಡಿಯನ್ನು ಹಾಗೆಯೇ ತರುವುದು. ಮಾವನ ಫೋಟೋದಲ್ಲಿ ಎಡಕ್ಕೆ ಸೀರೆ ಗಾರ್ಡ್ ಇದೆ, ಮುಂದೆ ಲೆಗ್ ಗಾರ್ಡ್ ಇದೆ. ಎರಡನ್ನೂ ತಾಮ್ರದ ತಂತಿ ಬಗ್ಗಿಸಿ ಬೆಸುಗೆ ಹಾಕಿದೆ. ನಂಬರ್ ಪ್ಲೇಟ್ ಆಗಿನಂತೆ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಮೈಸೂರು ರಾಜ್ಯದ ಎಂವೈಯಿಂದ ಶುರು. ಮುಂದಿನ ಪ್ಲೇಟು ಮಡ್‌ಗಾರ್ಡಿನ ಮೇಲೆ ಉದ್ದಕ್ಕೆ ನಿಲ್ಲುತ್ತದೆ.

ಕೊಳೆ ಎಲ್ಲಿ ಹಚ್ಚಬೇಕು ಅನ್ನುವುದನ್ನೂ ಇಂಜಿನ್ನೇ ಹೇಳುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡುವ ಗಾಡಿ ಇದು. ಸುಡದೆ ಉಳಿದ ಆಯಿಲ್ ಸೈಲೆನ್ಸರ್ ತುದಿಯಲ್ಲಿ, ಪೈಪು ಸೇರುವ ಕಡೆ ಕಪ್ಪಗೆ ಜಿಡ್ಡಾಗಿ ಒಸರುತ್ತದೆ. ಅಲ್ಲಿ ಹೊಳೆಯುವ ಕಂದು ಕಪ್ಪು, ಮಿಕ್ಕ ಕಡೆ ಮಡ್‌ಗಾರ್ಡಿನ ಒಳಗೆ ಒಣ ಕೆಂಪು ಮಣ್ಣು. ಟ್ಯಾಂಕಿಗೆ ಕೊಳೆ ಬೇಡ. ಮಾವ ದಿನಾ ಬೆಳಿಗ್ಗೆ ಒರೆಸುತ್ತಿದ್ದರು.

ಫೋಟೋ ತೆಗೆದದ್ದು ಆಯುಧಪೂಜೆಯ ದಿನ. ಹೆಡ್‌ಲೈಟಿನ ಮೇಲೆ ಕುಂಕುಮದ ಬೊಟ್ಟು ಇದೆ. ಬೆರಳಗಲದ ಬೊಟ್ಟು ಇಲ್ಲಿ ಸುಮಾರು ಒಂದೂವರೆ ಮಿಮೀ. ಊದುಬತ್ತಿಯ ಕಡ್ಡಿ ತುದಿಯನ್ನು ಕೆಂಪು ಬಣ್ಣದಲ್ಲಿ ಅದ್ದಿ ಒಂದೇ ಸಲ ಮುಟ್ಟಿಸಿದೆ, ತಿದ್ದಲಿಲ್ಲ. ಮುಂದಿನ ಚಕ್ರದ ಅಡಿಗೆ ನಿಂಬೆಹಣ್ಣು ಬೇಕಿತ್ತು. ಮೂರು ಮಿಮೀ ಎಂ-ಸೀಲ್ ಉಂಡೆ, ಹಳದಿ ಬಣ್ಣ, ಒಂದು ತುದಿಗೆ ಸೂಜಿಯಿಂದ ಸ್ವಲ್ಪ ಎಳೆದ ಮೂಗು. ಮಾವ ಇನ್ನೂ ಗಾಡಿ ಹತ್ತಿಲ್ಲ, ಹಾಗಾಗಿ ಹಣ್ಣು ಇಡಿಯಾಗಿಯೇ ಇದೆ.